ಹಬ್ಬಕ್ಕಲ್ಲ, ಹಬ್ಬದ ಹಿಂದಿನ ಕೆಲಸಕ್ಕೆ ಕರೆಯಿರಿ: ಸಾಗರ–ಲಿಥುವೇನಿಯಾ, ನನ್ನ ಅನುಭವ

‘ಎರಡೇ ಜನ ಬಂದ್ರೆ ಅದೆಂಥ ಅಂತರರಾಷ್ಟ್ರೀಯ ಕಾರ್ಯಕ್ರಮ ಮಾರಾಯ?’ ಇದನ್ನು ನನಗೆ ಕೇಳದವರೇ ಇಲ್ಲ. ಶಿವಮೊಗ್ಗ ಜಿಲ್ಲೆಯ ಸಾಗರದ ನಮ್ಮ ಹಬ್ಬಕ್ಕೆ ಲಿಥುವೇನಿಯಾದಿಂದ ಇಬ್ಬರು ಬರುವುದು, ಅವರ ಹಬ್ಬಕ್ಕೆ ಇಲ್ಲಿಂದ ಇಬ್ಬರು ಹೋಗುವುದು, ಇಷ್ಟೇ ನಮ್ಮ ಕಾರ್ಯಕ್ರಮ. ನಮ್ಮ ಭಾಗದಲ್ಲಿ ಜಾನಪದ ಮೇಳ ಮಾಡಿಸುವ ಒಬ್ಬ ಹಿರಿಯರಂತೂ ‘ಬ್ಯಾನರ್ ಇಲ್ಲ, ಉದ್ಘಾಟನೆ ಇಲ್ಲ, ಇದು ನೆಂಟರ ಮನೆಗೆ ಹೋಗಿಬಂದ ಹಾಗೆ’ ಎಂದು ಎದುರೇ ನಕ್ಕಿದ್ದರು. ಅವರು ಹೇಳಿದ್ದು ಸರಿಯೇ ಇತ್ತು. ನೆಂಟರ ಮನೆಯ ಹಾಗೆ ಮಾಡಿದ ಮೇಲೇ ಇದು ಕೆಲಸ ಮಾಡಿದ್ದು. ಈಗ ಅದೇ ಹಿರಿಯರು ಮೊನ್ನೆ ಫೋನ್ ಮಾಡಿ ‘ನಮ್ಮ ಕಡೆಗೂ ಯಾರನ್ನಾದ್ರೂ ಕಳಿಸಬಹುದಾ’ ಎಂದು ಕೇಳಿದರು. ಅದಕ್ಕೇ ಬರೆಯುತ್ತಿದ್ದೇನೆ.

ಶುರುವಾಗಿದ್ದು 2015ರಲ್ಲಿ. ಮೈಸೂರಿನಲ್ಲಿ ಪ್ರಾಚೀನ ಸಂಪ್ರದಾಯಗಳ ಹಿರಿಯರ ಅಂತರರಾಷ್ಟ್ರೀಯ ಸಮಾವೇಶ ನಡೆದ ವರ್ಷ ಅದು. ನಾನು ಸುಮ್ನೆ ನೋಡೋಣ ಅಂತ ಹೋಗಿದ್ದೆ. ಅಲ್ಲಿ ಪರಿಚಯವಾದ ಒಬ್ಬರು ಲಿಥುವೇನಿಯಾದ ರೊಮುವ ಎಂಬ ಹಳೆಯ ಧರ್ಮದ ಬಳಗದ ಬಗ್ಗೆ ಹೇಳಿದರು. ಬೆಂಕಿ, ಭೂಮಿ, ಹಿರಿಯರ ಪೂಜೆಯನ್ನು ಮತ್ತೆ ಕಟ್ಟಿ ನಿಲ್ಲಿಸಿದವರು ಅವರು. 1998ರಲ್ಲಿ ಅವರ ರಾಜಧಾನಿ ವಿಲ್ನಿಯಸ್‌ನಲ್ಲಿ ಬೇರೆ ಬೇರೆ ದೇಶಗಳ ಇಂಥ ಗುಂಪುಗಳನ್ನು ಸೇರಿಸಿ ಒಂದು ವಿಶ್ವ ಒಕ್ಕೂಟ ಮಾಡಿದ್ದೂ ಅವರ ಮುಂದಾಳತ್ವದಲ್ಲೇ. 2010ರಲ್ಲಿ ಹೆಸರಿನಿಂದ ‘ವಿಶ್ವ’ ತೆಗೆದು ‘ಯುರೋಪ್’ ಎಂದಿಟ್ಟುಕೊಂಡರು. ನನಗೆ ಅದು ಪ್ರಾಮಾಣಿಕ ಕೆಲಸ ಅನ್ನಿಸಿತು. ನಮ್ಮಲ್ಲಾದರೆ ತಾಲ್ಲೂಕು ಸಂಘಕ್ಕೂ ‘ಅಖಿಲ ಭಾರತ’ ಅಂತ ಇಡುತ್ತಾರೆ.

ಅವರಲ್ಲಿ ವಿಲ್ನಿಯಸ್ ಹತ್ತಿರದ ಒಂದು ಸಣ್ಣ ಗುಂಪಿಗೆ ಪತ್ರ ಬರೆದೆ. ಉತ್ತರ ಬಂತು. ತಲೆ ತಿರುಗಿತು. 2016ರಲ್ಲಿ 12 ಜನರ ತಂಡ ಕರೆದುಕೊಂಡು ಹೊರಡಲು ನಿಂತೆ. ಡೊಳ್ಳು, ಕೋಲಾಟ, ಎಲ್ಲಾ. ಏಜೆಂಟ್ ಒಬ್ಬ ಟಿಕೆಟ್ ಮೊದಲೇ ಮಾಡಿಸಿದರೆ ಅಗ್ಗ ಎಂದ. ಮಾಡಿಸಿದೆವು. ವೀಸಾ ಬಂದಿದ್ದು 5 ಜನರಿಗೆ. ಉಳಿದವರು ‘ವಾಪಸ್ ಬರುತ್ತಾರೆಂಬ ಖಾತ್ರಿ ಇಲ್ಲ’ವಂತೆ. ಎರಡು ಎಕರೆ ಅಡಿಕೆ ತೋಟ ಬಿಟ್ಟು ಯಾವನು ಅಲ್ಲಿ ಚಳಿಯಲ್ಲಿ ಕೂರುತ್ತಾನೆ ಹೇಳಿ! ಟಿಕೆಟ್ ದುಡ್ಡು ವಾಪಸ್ ಬರಲಿಲ್ಲ, ಏಜೆಂಟ್ ಫೋನ್ ಎತ್ತಲಿಲ್ಲ. ಹತ್ತಿರತ್ತಿರ 1 ಲಕ್ಷ 75 ಸಾವಿರ ಹೋಯಿತು. ಅದರಲ್ಲಿ 60 ಸಾವಿರ ನನ್ನ ಕೈಯಿಂದ. ಮನೆಯಲ್ಲಿ ಎರಡು ವರ್ಷ ಈ ವಿಷಯ ಎತ್ತುವ ಹಾಗಿರಲಿಲ್ಲ.

2018ರಲ್ಲಿ ನಮ್ಮ ಹಬ್ಬವನ್ನು ಅವರಿಗೆ ಫೋನಿನಲ್ಲೇ ತೋರಿಸೋಣ ಅಂತ ಹೊರಟೆ. ಭೂಮಿ ಹುಣ್ಣಿಮೆ ಅಂದರೆ ಬಸುರಿ ಭೂಮಿಗೆ ಗದ್ದೆಯಲ್ಲಿ ಎಡೆ ಇಡುವ ನಮ್ಮ ಹಬ್ಬ. ಆವತ್ತು ನಮ್ಮದು ಬೆಳಗಿನ ಜಾವ 5 ಗಂಟೆ, ಅವರದ್ದು ರಾತ್ರಿ ಎರಡೂವರೆ. ಪಾಪ, ಎದ್ದು ಕೂತಿದ್ದರು. ನಮ್ಮ ಗದ್ದೆಯಲ್ಲಿ ನೆಟ್‌ವರ್ಕ್ ಒಂದು ಕಡ್ಡಿ. ಅದು ಸಿಗುವ ಜಾಗ ಬದುವಿನ ಮೇಲಿನ ಒಂದೇ ಕಲ್ಲು. ಹಾಗಾಗಿ ಎಡೆಯನ್ನು ಆ ಕಲ್ಲಿನ ಕಡೆಗೆ ತಿರುಗಿಸಿ ಇಡಲು ಹೇಳಿದೆ. ನನ್ನ ದೊಡ್ಡಮ್ಮ ಬುಟ್ಟಿ ಎತ್ತಿಕೊಂಡು, ‘ಎಡೆ ಭೂಮಿಗೋ, ನಿನ್ನ ಫೋನಿಗೋ?’ ಎಂದು ಕೇಳಿ ಆಚೆ ಹೋಗಿಬಿಟ್ಟರು. ಆ ಪ್ರಯೋಗ ಅಲ್ಲಿಗೆ ಮುಗಿಯಿತು.

2019ರದ್ದು ಇನ್ನೂ ನಾಚಿಕೆ. ಮೂವರು ತಾವೇ ಖರ್ಚು ಹಾಕಿಕೊಂಡು ಬಂದರು. ನಾನು ಪೇಟೆಯಲ್ಲಿ ಸಭಾಂಗಣ ಹಿಡಿದೆ. ಶಾಲು, ಹಣ್ಣಿನ ಬುಟ್ಟಿ, ಸ್ವಾಗತ, ಪ್ರಾಸ್ತಾವಿಕ. ಮುಖ್ಯ ಅತಿಥಿ ಬಂದಿದ್ದು ಎರಡು ಗಂಟೆ ತಡವಾಗಿ, ಮಾತಾಡಿದ್ದು ಮುಕ್ಕಾಲು ಗಂಟೆ. ಸುತಾರ್ತಿನೇಸ್ ಅಂತ ಅವರ ಹಳೆಯ ಹಾಡು ಇದೆ. ದನಿ ಮೇಲೆ ದನಿ ಬೀಳುತ್ತಾ, ಒಂದಕ್ಕೊಂದು ಉಜ್ಜಿದ ಹಾಗೆ ಕೇಳುತ್ತದೆ. 2010ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಹಾಡು. ಅದಕ್ಕೆ ಕೊನೆಗೆ ಉಳಿದಿದ್ದು ಆರು ನಿಮಿಷ. ಮೈಕ್ ಕೂಗಿಕೊಂಡಿತು. ಮೂರು ದಿನ ಇದ್ದು, ಕಾಲಿಗೆ ಒಂದು ಚೂರು ಮಣ್ಣು ಹತ್ತಿಸಿಕೊಳ್ಳದೆ ವಾಪಸ್ ಹೋದರು. 60 ಸಾವಿರ ಖರ್ಚು. ಅದರಲ್ಲಿ ಶಾಮಿಯಾನ, ಊಟದ್ದೇ ಜಾಸ್ತಿ.

ಆಮೇಲೆ ಕೊರೊನಾ. ಆ ಬಿಡುವಿನಲ್ಲಿ ಆ ಮೂವರಲ್ಲಿ ಒಬ್ಬಾಕೆ ಒಂದು ಪ್ರಶ್ನೆ ಕಳಿಸಿದ್ದರು: ನಿಮ್ಮ ಹಬ್ಬದ ಹಿಂದಿನ ದಿನ ಏನು ಮಾಡುತ್ತೀರಿ? ಹಬ್ಬದ ಬಗ್ಗೆ ಅಲ್ಲ, ಹಿಂದಿನ ದಿನದ ಬಗ್ಗೆ. ಉತ್ತರ ಬರೆಯಲು ಕೂತರೆ ನಾಲ್ಕು ಪುಟ ಆಯಿತು. ಬುಟ್ಟಿಗೆ ಸಗಣಿ ಮೆತ್ತುವುದು, ಕೆಮ್ಮಣ್ಣು ಬಳಿಯುವುದು, ಅಕ್ಕಿ ನೆನೆಸಿ ರುಬ್ಬುವುದು, ಪುಂಡಿ ನಾರಿನ ಕುಂಚ ಕಟ್ಟುವುದು, ಸೊಪ್ಪು ಹುಡುಕಿಕೊಂಡು ಬೆಟ್ಟ ಅಲೆಯುವುದು. ಆಗ ಹೊಳೆಯಿತು. ಕರೆಯಬೇಕಾದ್ದು ಈ ಕೆಲಸಕ್ಕೆ. ಇಬ್ಬರೇ ಸಾಕು, ಹತ್ತು ದಿನ ಮೊದಲು ಬರಬೇಕು, ಮನೆಯಲ್ಲೇ ಇರಬೇಕು. ಭಾಷಣ ಬೇಡ, ಕ್ಯಾಮೆರಾ ಹಬ್ಬದ ದಿನ ಪೆಟ್ಟಿಗೆಯೊಳಗೆ.

2022ರ ಅಕ್ಟೋಬರ್‌ನಲ್ಲಿ ಇಬ್ಬರು ಹೆಂಗಸರು ಬಂದರು, 12 ದಿನ ಇದ್ದರು. ಮೊದಲ ಎರಡು ದಿನ ಎಲ್ಲರಿಗೂ ಮುಜುಗರ. ಮೂರನೇ ದಿನ ದೊಡ್ಡಮ್ಮ ಒಬ್ಬಾಕೆಯ ಕೈಗೆ ಕುಂಚ ಕೊಟ್ಟರು. ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೆ ಬರೆಯುವ ಚಿತ್ತಾರದಲ್ಲಿ ಗೆರೆ ಕೈ ಎತ್ತದೆ ಬರಬೇಕು. ಆಕೆ ಉಸಿರು ಬಿಗಿಹಿಡಿದು ಎಳೆದರು. ಗೆರೆ ನಡುಗಿತು. ದೊಡ್ಡಮ್ಮ ಒದ್ದೆ ಬಟ್ಟೆಯಲ್ಲಿ ಒರೆಸಿ ಮತ್ತೆ ಎಳೆಸಿದರು. ಹೀಗೆ ಏಳೆಂಟು ಸಲ. ಕೊನೆಗೊಂದು ಗೆರೆ ಒರೆಸದೆ ಉಳಿಯಿತು. ಆವತ್ತು ರಾತ್ರಿ ಊಟಕ್ಕೆ ದೊಡ್ಡಮ್ಮ ಅವರನ್ನು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು.

ಹಬ್ಬದ ಜಾವ ಗದ್ದೆಗೆ ಚರಗ, ಅಂದರೆ ಎಡೆಯ ಅನ್ನ ಸೊಪ್ಪು, ಬೀರುವಾಗ ನಡೆದದ್ದು ನಾವು ಯೋಜನೆ ಮಾಡಿದ್ದಲ್ಲ. ಅವರಲ್ಲಿ ಝೆಮೀನ ಅಂತ ಭೂಮಿತಾಯಿ. ಹಬ್ಬದಲ್ಲಿ ಕುಡಿಯುವ ಮೊದಲು ನೆಲಕ್ಕೆ ಒಂದಷ್ಟು ಸುರಿಯುತ್ತಾರೆ, ನೆಲಕ್ಕೆ ಮುತ್ತು ಕೊಡುತ್ತಾರೆ. ಬಸುರಿ ಭೂಮಿಗೆ ಬಯಕೆ ಊಟ ಅಂತ ಇಲ್ಲಿ ಕಡುಬು ಇಡುವುದನ್ನು ನೋಡಿ ಆಕೆ ಬಗ್ಗಿ ಬದುವಿನ ಹುಲ್ಲಿಗೆ ತುಟಿ ತಾಗಿಸಿದರು. ಯಾರೂ ಏನೂ ಹೇಳಲಿಲ್ಲ. ದೊಡ್ಡಮ್ಮ ‘ಮುಖಕ್ಕೆ ಕೆಸರಾಯ್ತು’ ಎಂದು ಸೆರಗಿನಲ್ಲಿ ಒರೆಸಿದರು, ಅಷ್ಟೇ.

ಭಾಷೆಯ ವಿಷಯ. ದುಭಾಷಿಯನ್ನು ಇಡಬೇಡಿ. ದುಭಾಷಿ ಇದ್ದರೆ ಎಲ್ಲರೂ ಅವನ ಮುಖ ನೋಡುತ್ತಾರೆ. ಎರಡೂ ಕಡೆಯವರು 40 ಪದ ಕಲಿತು ಬರಬೇಕು. ಅಕ್ಕಿ, ನೀರು, ಸಾಕು, ಬಿಸಿ, ಕೊಡು, ಇಂಥವು. ಪಂಡಿತರು ಲಿಥುವೇನಿಯನ್ ಮತ್ತು ಸಂಸ್ಕೃತ ಅಕ್ಕತಂಗಿ ಎಂದು ಪಟ್ಟಿ ಕೊಡುತ್ತಾರೆ. ಉಗ್ನಿಸ್ ಅಂದರೆ ಅಗ್ನಿ, ದೂಮಾಸ್ ಅಂದರೆ ಧೂಮ, ಸೂನುಸ್ ಅಂದರೆ ಸೂನು, ಅಂದರೆ ಮಗ. ನಿಜವೇ. ಆದರೆ ನಮ್ಮ ಒಲೆಯಲ್ಲಿ ಇರುವುದು ಬೆಂಕಿ, ಬರುವುದು ಹೊಗೆ. ಆಕೆ ಒಲೆ ತೋರಿಸಿ ‘ಅಗ್ನಿ’ ಎಂದಾಗ ದೊಡ್ಡಮ್ಮ ‘ಯಾವ ಶಾಸ್ತ್ರಿಗಳು ಹೇಳಿಕೊಟ್ಟರು?’ ಎಂದರು. ಆ ಪಟ್ಟಿ ಬಿಸಾಕಿದ ಮೇಲೆ ಸಂಸಾರ ಸಲೀಸಾಯಿತು.

ಈಗ ದುಡ್ಡು. ಅನುದಾನಕ್ಕೆ ಅರ್ಜಿ ಹಾಕಿ ಹಾಕಿ ಸಾಕಾಗಿ 20 ಮನೆಗಳ ಚೀಟಿ ಕಟ್ಟಿದೆವು. ತಿಂಗಳಿಗೆ ಐನೂರು, ಹದಿನೆಂಟು ತಿಂಗಳು. ನಿಯಮ ಒಂದೇ: ಟಿಕೆಟ್ ಹೋಗುವವರದ್ದು, ನೆಲ ಮುಟ್ಟಿದ ಮೇಲೆ ಖರ್ಚು ಆ ಮನೆಯವರದ್ದು. 2022ರಲ್ಲಿ ನಮಗೆ ಬಿದ್ದಿದ್ದು ಇಪ್ಪತ್ಮೂರು ಸಾವಿರ ಚಿಲ್ಲರೆ. ಅದರಲ್ಲಿ ದೊಡ್ಡದು ಟ್ಯಾಕ್ಸಿ. 2023ರಲ್ಲಿ ನಾವಿಬ್ಬರು ಹೋದಾಗ ಟಿಕೆಟ್ ತಲಾ 78 ಸಾವಿರ, ವೀಸಾ ಶುಲ್ಕ ಆಗ 80 ಯೂರೋ, ಈಗ 90. ವಿಮೆ 30,000 ಯೂರೋ ಮೊತ್ತದ್ದು ಕಡ್ಡಾಯ, ಅದಕ್ಕೆ ತಲಾ ಸಾವಿರದೈನೂರು. ಓಡಾಟ ಸೇರಿ ಎರಡು ಲಕ್ಷದ ಹತ್ತಿರ. ಚೀಟಿಯದ್ದು 1 ಲಕ್ಷ 80 ಸಾವಿರ, ಉಳಿದದ್ದು ನನ್ನ ತಲೆಗೆ. ಬುಟ್ಟಿ ಮಾರಿ ದುಡ್ಡು ಮಾಡಿ ಅಂತ ಸಲಹೆ ಕೊಟ್ಟವರು ಬಹಳ. ಭೂಮಣ್ಣಿ ಬುಟ್ಟಿ ಮಾರುವುದಿಲ್ಲ. ಕಾಗದದ ಮೇಲಿನ ಚಿತ್ತಾರ ಒಂದಿಪ್ಪತ್ತು ಒಯ್ದೆವು, ಹನ್ನೊಂದು ಹೋದವು.

ವೀಸಾ ಅರ್ಜಿಯಲ್ಲಿ ಈ ಸಲ ಏನು ಬರೆದೆವು, ಯಾವ ಕಾಗದ ಮೇಲೆ ಇಟ್ಟೆವು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಸುಳ್ಳೇನೂ ಅಲ್ಲ. ಆದರೆ ಎಲ್ಲರೂ ಅದನ್ನೇ ಮಾಡಿದರೆ ಅದೂ ಕೆಲಸ ಮಾಡುವುದಿಲ್ಲ, ಅಲ್ವಾ? ಸಾಗರಕ್ಕೆ ಬಂದವರಿಗೆ ಹೇಳುತ್ತೇನೆ, ಕಾಫಿ ನಿಮ್ಮದು.

ವರ್ಷದ ಉದ್ದದ ಹಗಲಿನ ಹೊತ್ತಿಗೆ ಬರುವ ಅವರ ರಾಸೋಸ್ ಹಬ್ಬ ಜೂನ್ 23ರ ರಾತ್ರಿ. ನಮಗೆ ಸಸಿಮಡಿಯ ಕಾಲ, ಯಾರೂ ಗದ್ದೆ ಬಿಟ್ಟು ಹೊರಡುವ ಹಾಗಿಲ್ಲ. 2023ರಲ್ಲಿ ಮುಂಗಾರು ತಡವಾಯಿತು. ಊರಿಗೆ ಕೆಟ್ಟದ್ದು, ನಮಗೆ ಒಳ್ಳೆಯದಾಯಿತು. ಕೆರ್ನಾವೆ ಎಂಬ ಅವರ ಹಳೆಯ ಊರಿನ ಕೋಟೆಗುಡ್ಡಗಳಲ್ಲಿ ಈ ಹಬ್ಬ 1967ರಿಂದ ನಡೆಯುತ್ತಿದೆ, ಅಂದರೆ ಸೋವಿಯತ್ ಕಾಲದಲ್ಲೇ ಶುರು. ನಾವು ಎಂಟು ದಿನ ಮೊದಲೇ ಹೋಗಿ ಸೌದೆ ಹೊತ್ತೆವು, ಹೊಲದ ಹೂವು ಸೊಪ್ಪು ಕೊಯ್ದೆವು. ಅವರ ಲೆಕ್ಕ ಒಂಬತ್ತು ಬಗೆ ಸೊಪ್ಪು. ನಮ್ಮ ಭೂಮಿ ಹುಣ್ಣಿಮೆಗೆ ನೂರೊಂದು ಎಂದು ಜಂಬ ಕೊಚ್ಚಿದೆ. ಹಂಗಾದರೆ ಎಣಿಸು ಎಂದರು. ನನಗೆ ಅರವತ್ತರ ಮೇಲೆ ಹೆಸರು ಬರಲಿಲ್ಲ. ಹತ್ತು ಗಂಟೆಗೆ ಸೂರ್ಯ ಮುಳುಗುವಾಗ ಬೆಂಕಿ ಹಚ್ಚಿದರು. ರಾತ್ರಿ ದೀಪ ಇಟ್ಟ ಹೂವಿನ ದಂಡೆಗಳನ್ನು ನೇರಿಸ್ ಹೊಳೆಗೆ ಬಿಟ್ಟರು. ಮನೆ ಒಲೆಯ ಬೆಂಕಿ ಅವರಿಗೆ ಗಾಬಿಯಾ ದೇವಿ. ಅದಕ್ಕೆ ಉಪ್ಪು ಹಾಕುತ್ತಾರೆ. ಬಿತ್ತನೆ ಬೀಜ ಒಯ್ಯಲು ತಪಾಸಣೆಯ ಪ್ರಮಾಣಪತ್ರ ಬೇಕು, ರಗಳೆ. ಹಾಗಾಗಿ ನಾವು ಒಯ್ದದ್ದು ಕಾಲು ಕೆಜಿ ಗೋಕರ್ಣದ ಕಡೆಯ ಉಪ್ಪು. ಯಾರೂ ತಡೆಯಲಿಲ್ಲ. ಈಗ ಎರಡೂ ಕಡೆ ಉಪ್ಪೇ ಓಡಾಡುವುದು.

ಒಂದು ಪಕ್ಕದ ಪ್ರಯೋಗ ಹೇಳಿಬಿಡುತ್ತೇನೆ. ರೈ ಎಂಬ ಧಾನ್ಯದ ಅವರ ಕಪ್ಪು ರೊಟ್ಟಿಯನ್ನು ಹುಳಿಹಿಟ್ಟಿನಲ್ಲಿ ಮಾಡುತ್ತಾರೆ, ತಳಕ್ಕೆ ಒಂದು ಎಲೆ ಹಾಸಿ ಸುಡುತ್ತಾರೆ. ಆ ಎಲೆಯನ್ನು ಮುರಿದು ಮೂಸಿದರೆ ನನಗೆ ಬಾಣಂತಿ ಕೋಣೆ ನೆನಪಾಯಿತು. ಬಜೆ! ಅವರು ಅಯೆರಾಯ್ ಅನ್ನುತ್ತಾರೆ. ನಾವು ಬೇರು ತೇದು ಮಗುವಿನ ನಾಲಿಗೆಗೆ ಹಚ್ಚುವ ಅದೇ ಬಜೆ. ಊರಿಗೆ ಬಂದು ಬಜೆ ಎಲೆ ಹಾಸಿ ರಾಗಿ ಹಿಟ್ಟಿನಲ್ಲಿ ಮಾಡಿ ನೋಡಿದೆ. ಮೊದಲನೆಯದು ಇಟ್ಟಿಗೆ. ಎರಡನೆಯದು ಒಳಗೆ ಹಸಿ. ದೋಸೆ ಹಿಟ್ಟು ಬೆರೆಸಿದ ಐದನೆಯದು ತಿನ್ನುವ ಹಾಗಿತ್ತು. ನಾಯಿ ಮಾತ್ರ ಐದನ್ನೂ ತಿಂದಿತು.

2024ರ ಡಿಸೆಂಬರ್‌ನಲ್ಲಿ ಅವರ ಸಂಸತ್ತು ರೊಮುವಕ್ಕೆ ಧಾರ್ಮಿಕ ಸಮುದಾಯವೆಂದು ಸರ್ಕಾರಿ ಮಾನ್ಯತೆ ಕೊಟ್ಟಿತು. 2019ರಲ್ಲಿ ಇಲ್ಲ ಎಂದಿತ್ತು. 2021ರಲ್ಲಿ ಸ್ಟ್ರಾಸ್‌ಬರ್ಗ್‌ನ ಮಾನವ ಹಕ್ಕು ನ್ಯಾಯಾಲಯ ಅವರ ಪರ ತೀರ್ಪು ಕೊಟ್ಟಿತ್ತು. ಸಂದೇಶ ಬಂದಾಗ ದೊಡ್ಡಮ್ಮನಿಗೆ ಓದಿ ಹೇಳಿದೆ. ‘ಇಷ್ಟು ದಿನ ಒಲೆಗೆ ಉಪ್ಪು ಹಾಕೋಕೂ ಕಾಗದ ಬೇಕಿತ್ತಾ?’ ಎಂದರು. ಹಾಗಲ್ಲ ಎಂದು ವಿವರಿಸಲು ಹೋಗಿ ಅರ್ಧಕ್ಕೆ ಬಿಟ್ಟೆ.

ಮುಂದಿನ ಭೂಮಿ ಹುಣ್ಣಿಮೆಗೆ ಮತ್ತಿಬ್ಬರು ಬರುತ್ತಾರೆ. ಒಬ್ಬನಿಗೆ ಇಲಿ ಕಂಡರೆ ಆಗುವುದಿಲ್ಲವಂತೆ, ಮೊದಲೇ ಬರೆದು ತಿಳಿಸಿದ್ದಾನೆ. ಗದ್ದೆಯಲ್ಲಿ ಇಲಿಯ ಪಾಲಿನ ಎಡೆ ಅವನ ಕೈಯಲ್ಲೇ ಇಡಿಸಬೇಕೆಂದು ದೊಡ್ಡಮ್ಮ ಈಗಲೇ ಹೇಳಿಟ್ಟಿದ್ದಾರೆ.