ಟ್ರ್ಯಾಕ್ ಬಿಟ್ಟು ಆರ್ಗನ್ ನಂಬಿದೆ: ಟೊರಾಂಟೊ ಗಾಲಾದ ನನ್ನ ಅನುಭವ

ಪ್ರಶಸ್ತಿ ಸಮಾರಂಭಗಳಿಗೆ ಸೌಂಡ್ ಮಾಡುವವರಿಗೆಲ್ಲ ಗೊತ್ತಿರುವ ತಲೆನೋವು ಇದು: ಹೆಸರು ಕೂಗಿದ ಮೇಲೆ ಆ ವ್ಯಕ್ತಿ ವೇದಿಕೆ ಹತ್ತಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ದೇವರಿಗೂ ಗೊತ್ತಿರುವುದಿಲ್ಲ. ಟೊರಾಂಟೊದ ಕಪ್ಪು ಸಮುದಾಯದ ಗಾಲಾಗಳಲ್ಲಿ ಇದು ಇನ್ನೂ ಒಂದು ಕೈ ಮೇಲೆ. ಎಂಬತ್ತು ದಾಟಿದ ಹಿರಿಯರು, ಕೈಯಲ್ಲಿ ಕೋಲು, ದಾರಿಯುದ್ದಕ್ಕೂ ಅವರ ಚರ್ಚಿನವರು, ಅವರು ಓದಿಸಿದ ಹುಡುಗರು. ಒಬ್ಬೊಬ್ಬರನ್ನೂ ಅಪ್ಪಿಕೊಳ್ಳದೆ ಮುಂದೆ ಹೆಜ್ಜೆ ಇಡುವುದಿಲ್ಲ. ಮೊದಲೇ ಮುದ್ರಿಸಿಟ್ಟ ನಲವತ್ತೈದು ಸೆಕೆಂಡಿನ ಸಂಗೀತದ ಟ್ರ್ಯಾಕ್ ಅಷ್ಟರಲ್ಲಿ ಮುಗಿದು ಹೋಗಿರುತ್ತದೆ. ಉಳಿದದ್ದು ಚಮಚ, ತಟ್ಟೆಗಳ ಸದ್ದು, ಮತ್ತು ಆ ಖಾಲಿ ತುಂಬಿಸಲು ನಿರೂಪಕ ಹೇಳುವ ಹಳಸಿದ ಜೋಕು.

ಇಲ್ಲಿ ಇಂಥ ಕಾರ್ಯಕ್ರಮಗಳಿಗೆಲ್ಲ ಹಿರಿಯಣ್ಣ ಎಂದರೆ 1983ರಿಂದ ನಡೆದುಬಂದಿರುವ, ಕೆನಡಾದ ಕಪ್ಪು ಸಾಧಕರಿಗೆ ಕೊಡುವ ಹ್ಯಾರಿ ಜೆರೋಮ್ ಪ್ರಶಸ್ತಿ. ನಾನು ಹೇಳುತ್ತಿರುವುದು ಅದಲ್ಲ, ಅದಕ್ಕಿಂತ ಬಹಳ ಸಣ್ಣದು. ಹೋಟೆಲ್ ಬಾಲ್‌ರೂಮ್, ನಾನೂರು ಚಿಲ್ಲರೆ ಕುರ್ಚಿ. ಸನ್ಮಾನಿತರಲ್ಲಿ ಅರ್ಧ ಕಲಾವಿದರು, ಇನ್ನರ್ಧ ನರ್ಸ್, ಕ್ಷೌರಿಕ, ಹುಡುಗರ ಬ್ಯಾಸ್ಕೆಟ್‌ಬಾಲ್ ಕೋಚ್ ಥರದವರು. ಟ್ರ್ಯಾಕ್ ಪೂರ್ತಿ ಬಿಟ್ಟುಬಿಡೋಣ, ಗೌರವ ಗೀತೆ ಬೇರೆ ಐಟಂ ಆಗುವುದೇ ಬೇಡ, ಅವರು ನಡೆದು ಬರುವಾಗಲೇ ಲೈವ್ ಆಗಿ ಆಗಲಿ ಅಂದೆ. ಸಮಿತಿಯವರು ಮೂಗು ಮುರಿದರು. ಲೈವ್ ಅಂದರೆ ಸಮಯ ಮೀರುತ್ತದೆ, ಹೋಟೆಲಿನವರು ಓವರ್‌ಟೈಮ್ ಬಿಲ್ ಹಾಕುತ್ತಾರೆ ಎಂಬ ಭಯ. ಬ್ರಾಂಪ್ಟನ್ನಿನ ನಮ್ಮ ದೇಸಿ ಡಿಜೆ ಬಳಗವಂತೂ ನಕ್ಕೇ ಬಿಟ್ಟಿತು.

ಮೊದಲ ಪ್ರಯತ್ನಗಳು ಕೈ ಕೊಟ್ಟದ್ದೂ ನಿಜ. ಬ್ಯಾಂಡಿನವರ ಕಿವಿಗೆ ಇನ್-ಇಯರ್ ಫೋನು, ಅದರಲ್ಲಿ ತಾಳ ಎಣಿಸುವ ಕ್ಲಿಕ್ ಸದ್ದು, ಅದಕ್ಕೆ ಚಿತ್ರ ಹೊಂದಿಸಲು ವಿಡಿಯೋ ಗೋಡೆಗೆ ಟೈಮ್‌ಕೋಡ್ ಕಟ್ಟಿ ನೋಡಿದ್ದಾಯಿತು. ಕ್ಲಿಕ್ ಯಾರಿಗೂ ಕಾಯುವುದಿಲ್ಲ. ಸನ್ಮಾನಿತರು ಇನ್ನೂ ಮೂರನೇ ಟೇಬಲ್ಲಿನಲ್ಲಿದ್ದರೆ ಪರದೆಯ ಮೇಲೆ ಮುಂದಿನವರ ಫೋಟೋ. ಏಬಲ್ಟನ್ ಎಂಬ ಸಂಗೀತದ ಸಾಫ್ಟ್‌ವೇರಿನಲ್ಲಿ ಒಂದೇ ತುಣುಕನ್ನು ಲೂಪ್ ಹಾಕಿದರೆ ಒಳಗೆ ಹೋಗುವುದು ಸುಲಭ, ಹೊರಗೆ ಬರುವಾಗ ಬಾಗಿಲು ಬಡಿದ ಹಾಗೆ ಕೇಳುತ್ತದೆ. ಆಮೇಲೆ ಮದುವೆಗಳಿಗೆ ನುಡಿಸುವ ಒಳ್ಳೇ ಬ್ಯಾಂಡ್ ಒಂದನ್ನು ಹಿಡಿದೆ. ವಾದಕರು ಗಟ್ಟಿಗರೇ, ಆದರೆ ಕಣ್ಣು ಐಪ್ಯಾಡಿನ ಚಾರ್ಟ್ ಮೇಲೆ, ನಡೆಯುವವರ ಮೇಲಲ್ಲ. ಇಷ್ಟೆಲ್ಲ ಪ್ರಯೋಗದಲ್ಲಿ ನನ್ನ ಜೇಬಿನಿಂದಲೇ ಹೋದದ್ದು ಸಾವಿರ, ಸಾವಿರದ ನೂರು ಡಾಲರ್ ಇರಬೇಕು.

ಉತ್ತರ ಸಿಕ್ಕಿದ್ದು ಸ್ಕಾರ್ಬರೋದ ಒಂದು ಚರ್ಚಿನಲ್ಲಿ. ಕಪ್ಪು ಚರ್ಚುಗಳ ಆರ್ಗನ್ ವಾದಕರನ್ನು ಕೇಳಿದವರಿಗೆ ವಿವರಿಸಬೇಕಿಲ್ಲ: ಪಾದ್ರಿ ಒಂದು ಮಾತಾಡಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಹ್ಯಾಮಂಡ್ ಆರ್ಗನ್ ಉತ್ತರ ಕೊಟ್ಟಿರುತ್ತದೆ. ಕಾಗದವಿಲ್ಲ, ಎಣಿಕೆಯಿಲ್ಲ, ಕಣ್ಣು ಪಾದ್ರಿಯ ಮೇಲೆ. ನಾನು ಶಿರಸಿ ಕಡೆಯವನು, ವೇಷದ ಕಾಲು ನೋಡಿ ಚಂಡೆ ಬಾರಿಸುವವರನ್ನು ನೋಡುತ್ತಾ ಬೆಳೆದವನು, ಹಾಗಾಗಿ ತಕ್ಷಣ ಹೊಳೆಯಿತು. ಆ ವಾದಕರು ಹಾಕಿದ ಷರತ್ತು ಒಂದೇ, ನಡೆದು ಬರುವವರ ಪಾದ ತನಗೆ ಕಾಣಬೇಕು. ಅಲ್ಲಿಗೆ ಯಾವುದು ಎಲ್ಲಿರಬೇಕೆಂಬ ಸ್ಟೇಜ್ ಪ್ಲಾಟ್ ತಲೆಕೆಳಗು. ಹಿಂದೆ ಕತ್ತಲಲ್ಲಿರಬೇಕಾದ ಆರ್ಗನ್ ಮುಂದಿನ ಅಂಚಿಗೆ ಬಂತು, ಹೂವಿನ ಅಲಂಕಾರ ಜಾಗ ಬಿಡಬೇಕಾಯಿತು. ಅಲಂಕಾರ ಸಮಿತಿಯ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಹ್ಯಾಮಂಡ್ ನಾದವನ್ನು ಅನುಕರಿಸುವ ಕೀಬೋರ್ಡ್, ಅಂದರೆ ಕ್ಲೋನ್ ಸಾಕು, ಇನ್ನೂರು ಡಾಲರ್ ಬಾಡಿಗೆಗೆ ಸಿಗುತ್ತದೆ ಎಂದವರೇ ಎಲ್ಲ. ನಾನು ನಿಜವಾದ ಹ್ಯಾಮಂಡ್ ಬಿ-3 ಆರ್ಗನ್ನೇ ಬೇಕೆಂದು ಹಟ ಹಿಡಿದೆ. ಬಾಡಿಗೆ, ಹೊರುವವರ ಕೂಲಿ ಸೇರಿ 1,400ರ ಆಸುಪಾಸು, ಹೋಟೆಲಿನ ಪ್ರತ್ಯೇಕ ವಿದ್ಯುತ್ತಿಗೆ ಇನ್ನೊಂದು 600. ಬೆಂಚು, ಪೆಡಲ್ ಸೇರಿ ಸುಮಾರು 190 ಕಿಲೋ. ಸರ್ವಿಸ್ ಲಿಫ್ಟಿನವನ ಮುಖ ನೋಡಬೇಕಿತ್ತು. ಹಟಕ್ಕೆ ಕಾರಣ ಬರೀ ನಾದವಲ್ಲ, ಲೆಸ್ಲಿ, ಅಂದರೆ ಆರ್ಗನ್ನಿನ ನಾದವನ್ನು ಸುತ್ತಿಸಿ ಹೊರಬಿಡುವ ಸ್ಪೀಕರ್ ಪೆಟ್ಟಿಗೆ. ಇಪ್ಪತ್ತರ ಹತ್ತಿರ ಗಾಯಕರ ಕಾಯರ್‌ಗೆ ಮೂರೇ ಕಂಡೆನ್ಸರ್ ಮೈಕು ಇಟ್ಟಿದ್ದೆ. ಹಾಡುವವರಿಗೆ ಕೇಳಿಸಲು ಅವರ ಮುಂದೆ ನೆಲದ ಸ್ಪೀಕರ್, ಅಂದರೆ ವೆಡ್ಜ್ ಇಟ್ಟರೆ ಫೀಡ್‌ಬ್ಯಾಕ್ ಕಾಟ, ಇಡದಿದ್ದರೆ ಶ್ರುತಿ ಕೆಳಗಿಳಿಯುತ್ತದೆ. ಲೆಸ್ಲಿಯನ್ನು ಕೆಳಸ್ಥಾಯಿಯ ಗಾಯಕಿಯರಾದ ಆಲ್ಟೋಗಳ ಬೆನ್ನಿಗೆ ತಿರುಗಿಸಿ ಇಟ್ಟು ವೆಡ್ಜ್‌ಗಳನ್ನೆಲ್ಲ ತೆಗೆಸಿದೆ. ಶ್ರುತಿ ನೆಟ್ಟಗೆ ನಿಂತಿತು, ಫೀಡ್‌ಬ್ಯಾಕ್ ಇಲ್ಲದೆ ಮೈಕು ಏರಿಸಲು ನನಗೆ ಐದಾರು ಡೆಸಿಬೆಲ್ ಗೇನ್ ಪುಕ್ಕಟೆ. ಲೆಸ್ಲಿಯ ಮೇಲ್ಭಾಗಕ್ಕೆ ಎಲ್ಲರಂತೆ ಎರಡು ಎಸ್‌ಎಂ57 ಮೈಕು ಇಟ್ಟು ಕೊನೆಗೆ ಒಂದನ್ನು ಮ್ಯೂಟ್ ಮಾಡಿದೆ. ಅಷ್ಟು ಅಗಲದ ಹಾಲಿನಲ್ಲಿ ಸ್ಟೀರಿಯೋ ಸುತ್ತು ಅರ್ಧ ಟೇಬಲ್ಲುಗಳಿಗೆ ಮಾತ್ರ ಗೊತ್ತಾಗುವುದು.

ಗೌರವ ಗೀತೆಯ ಆಧಾರಕ್ಕೆ ಆಸ್ಕರ್ ಪೀಟರ್ಸನ್ 1962ರಲ್ಲಿ ಕಟ್ಟಿದ 'ಹಿಮ್ ಟು ಫ್ರೀಡಮ್' ಆರಿಸಿದೆವು. ಮಾಂಟ್ರಿಯಲ್ಲಿನಲ್ಲಿ ಹುಟ್ಟಿ, ನಾನೀಗ ಇರುವ ಮಿಸಿಸಾಗಾದಲ್ಲೇ 2007ರಲ್ಲಿ ತೀರಿಕೊಂಡ ಪಿಯಾನೋ ವಾದಕ. ಹಾಲಿನಲ್ಲಿ ಆ ರಾಗ ಗೊತ್ತಿಲ್ಲದವರು ಕಡಿಮೆ. ಎಷ್ಟು ಬೇಕಾದರೂ ಎಳೆಯಬಹುದಾದ ನಿಧಾನ ಚಾಲು. ಅದರ ಮೇಲೆ ಒಬ್ಬೊಬ್ಬ ಸನ್ಮಾನಿತರದ್ದೇ ಒಂದು ಎಳೆ ಬಂದು ಹೋಗಬೇಕು. ಕೆರಿಬಿಯನ್ ಹಾಡಾದ ಕ್ಯಾಲಿಪ್ಸೋದ ಹಳೇ ಗಾಯಕರಿಗೆ ಸ್ಟೀಲ್‌ಪ್ಯಾನ್ ಎಂಬ ಉಕ್ಕಿನ ಡ್ರಮ್, ಜಮೈಕಾದಿಂದ ಬಂದ ನರ್ಸಮ್ಮನಿಗೆ ಅವರ ಚರ್ಚಿನ ಪ್ರಾರ್ಥನಾಗೀತೆ. ಪ್ಯಾನಿಗೆ ಮೈಕು ಮೇಲಿನಿಂದ ಹಾಕಿದರೆ ನಾದ ಚೆಂದ, ಆದರೆ ಡ್ರಮ್ ಎಲ್ಲ ನುಗ್ಗುತ್ತದೆ. ಕೆಳಗಿನಿಂದ ಹಾಕಿ ಮಧ್ಯದ ಡಬ್ಬಿ ಸದ್ದನ್ನು ಕತ್ತರಿಸಿದೆ.

ರಿಹರ್ಸಲ್ ಊಟದ ಹೊತ್ತಿನಲ್ಲಿ ಇನ್ನೊಂದು ಹುಚ್ಚಾಟ ನಡೆಯಿತು. ಯಲ್ಲಾಪುರ ಕಡೆಯ ಸಿದ್ದಿಗಳ ಡಮಾಮಿ ಕುಣಿತದ ರೆಕಾರ್ಡಿಂಗ್ ಫೋನಿನಲ್ಲಿತ್ತು, ಕೇಳಿಸಿದೆ. ಕರ್ನಾಟಕದ ಕಾಡಿನಲ್ಲಿ ಆಫ್ರಿಕಾ ಮೂಲದವರು ಶತಮಾನಗಳಿಂದ ಇದ್ದಾರೆ, ಕನ್ನಡ, ಕೊಂಕಣಿ ಆಡುತ್ತಾರೆ ಎಂದರೆ ಡ್ರಮ್ಮರ್ ನಂಬಲೇ ಇಲ್ಲ. ಆಮೇಲೆ ಅರ್ಧ ಗಂಟೆ ಅದರ ಜೊತೆ ಜೆಂಬೆ ಎಂಬ ಆಫ್ರಿಕದ ಡ್ರಮ್ ಬಾರಿಸುತ್ತ ಕೂತ. ಕಾರ್ಯಕ್ರಮಕ್ಕೆ ಅದು ಹೊಂದಲಿಲ್ಲ, ಬಿಟ್ಟೆವು. ನನ್ನ ತಲೆಯಲ್ಲಿ ಮಾತ್ರ ಇನ್ನೂ ಕೊರೆಯುತ್ತಿದೆ.

ಆ ರಾತ್ರಿ ನರ್ಸಮ್ಮ ಎದ್ದು ಹೊರಟಿದ್ದು ಅತ್ಯಂತ ಹಿಂದಿನ ಟೇಬಲ್ಲಿನಿಂದ. ಹತ್ತಿರ ಹತ್ತಿರ ಮೂರು ನಿಮಿಷದ ನಡಿಗೆ. ಅವರು ಯಾರನ್ನೋ ಅಪ್ಪಿಕೊಂಡು ನಿಂತರೆ ಆರ್ಗನ್ನಿನವರು ನಾದ ಏರಿಳಿಸುವ ಡ್ರಾಬಾರ್ ಒಳಕ್ಕೆ ತಳ್ಳಿ ಒಂದೇ ಕಾರ್ಡ್ ಹಿಡಿದು ಕಾಯುತ್ತಿದ್ದರು, ಲೆಸ್ಲಿ ಮೆಲ್ಲಗೆ ಸುತ್ತುತ್ತಿತ್ತು. ಕಾಲು ಮೆಟ್ಟಿಲಿಗೆ ತಾಗಿದ್ದೇ ತಡ ಲೆಸ್ಲಿ ವೇಗಕ್ಕೆ ಜಿಗಿಯಿತು, ಕಾಯರ್ ಎದ್ದಿತು. ಟೈಮರ್ ಹಿಡಿದುಕೊಂಡಿದ್ದ ಸಮಿತಿಯ ಮಹಾಶಯರು ಅದನ್ನು ಜೇಬಿಗೆ ಹಾಕಿ ಚಪ್ಪಾಳೆಗೆ ನಿಂತರು. ನರ್ಸಮ್ಮ ಭಾಷಣ ಮಾಡುವಾಗಲೂ ಆರ್ಗನ್ ಕೆಳಗೆ ಹರಿಯುತ್ತಲೇ ಇತ್ತು, ಒಂದು ಅಕ್ಷರವೂ ಮುಳುಗಲಿಲ್ಲ. ಪೋಡಿಯಂ ಮೈಕಿಗೆ ಆರ್ಗನ್ ಹೇಗೆ ದಾರಿ ಬಿಡುತ್ತದೆ ಎಂಬುದನ್ನೂ ಕಾಯರ್‌ಗೆ ಸನ್ನೆ ಎಲ್ಲಿಂದ ಹೋಗುತ್ತದೆ ಎಂಬುದನ್ನೂ ಇಲ್ಲಿ ಬರೆಯುವುದಿಲ್ಲ, ಅದು ನನ್ನ ಅನ್ನ.

ಸಮಯದ ಮಾತು ಹೇಳಲೇಬೇಕು. ಖಾಲಿ ಜಾಗ ಇರಲಿಲ್ಲ, ಹಾಗಾಗಿ ಜೋಕುಗಳೂ ಇರಲಿಲ್ಲ. ಹಿಂದಿನ ವರ್ಷಕ್ಕಿಂತ ಹತ್ತು ಹದಿನೈದು ನಿಮಿಷ ಮೊದಲೇ ಮುಗಿಯಿತು, ಓವರ್‌ಟೈಮ್ ಬಿಲ್ ಬರಲಿಲ್ಲ. ಖರ್ಚು ಸುಮಾರು 6,500ರಿಂದ 9,000ಕ್ಕೆ ಏರಿದ್ದು ಹೌದು, ಅದರಲ್ಲಿ ದೊಡ್ಡ ಪಾಲು ವಾದಕರಿಗೆ ಸಂದಿತು. ನನಗೆ ಉಳಿದದ್ದು 1,300 ಇದ್ದೀತು. ನಕ್ಕಿದ್ದ ಡಿಜೆಗಳ ಪೈಕಿ ಇಬ್ಬರು ಈಗ ಆ ಆರ್ಗನ್ನಿನವರ ನಂಬರ್ ಕೇಳುತ್ತಿದ್ದಾರೆ, ಕೊಟ್ಟಿಲ್ಲ. ಯಾರಾದರೂ ಮಾಡುವುದಿದ್ದರೆ ಬಿ-3 ಅನ್ನು ನವೆಂಬರಿನಲ್ಲೇ ಹಿಡಿದಿಡಿ. ಫೆಬ್ರವರಿ ಇಲ್ಲಿ ಕಪ್ಪು ಇತಿಹಾಸದ ತಿಂಗಳು, ಊರಿನ ಆರ್ಗನ್ನುಗಳೆಲ್ಲ ಯಾವುದೋ ಒಂದು ಹಾಲಿನಲ್ಲಿರುತ್ತವೆ.