ಹೊಗೆ ರೀಕಾಲ್ ಪತ್ರ ಬಂದಿದೆ: ಕಾರು ಕೊಡಬೇಕೋ, ಬೇಡವೋ?

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಪರಿಚಯದವರೊಬ್ಬರು ಒಂದು ಪತ್ರ ಹಿಡಿದುಕೊಂಡು ಮನೆಗೆ ಬಂದರು. ಅವರ ಡೀಸೆಲ್ ಕಾರಿಗೆ ಕಂಪೆನಿಯಿಂದ ಬಂದ ರೀಕಾಲ್, ಅಂದರೆ ದೋಷ ಸರಿಪಡಿಸಲು ಗಾಡಿ ವಾಪಸ್ ತನ್ನಿ ಎಂಬ ಕರೆ. ಇಂಜಿನ್ನಿನ ಸಾಫ್ಟ್‌ವೇರ್ ಬದಲಿಸಬೇಕು, ಹೊಗೆಗೆ ಸಂಬಂಧಪಟ್ಟದ್ದು, ಖರ್ಚಿಲ್ಲ, ಗಾಡಿ ತನ್ನಿ ಅಂತ ಇಂಗ್ಲಿಷಿನಲ್ಲಿ ಬರೆದಿತ್ತು. "ಮಾಷ್ಟ್ರೇ, ಮೊನ್ನೆಯಷ್ಟೇ ಹೊಗೆ ಪರೀಕ್ಷೆ ಮಾಡಿಸಿದ್ದೇನೆ, ಪಾಸ್. ಮತ್ತೆ ಇದೆಂಥದ್ದು? ಸರಿ ಇರುವ ಗಾಡಿಯನ್ನು ಹಾಳು ಮಾಡಿಸಿಕೊಳ್ಳಲಿಕ್ಕೆ ಮಂಗಳೂರಿಗೆ ಹೋಗಬೇಕಾ?" ಅಂದರು.

ಅವರ ಸಂಶಯ ತಪ್ಪಲ್ಲ. ಬ್ರೇಕಿಗೋ ಏರ್‌ಬ್ಯಾಗಿಗೋ ರೀಕಾಲ್ ಬಂದರೆ ಯೋಚಿಸಲಿಕ್ಕೇ ಇಲ್ಲ, ಮಾರನೇ ದಿನ ಹೋಗಬೇಕು. ಹೊಗೆಯ ರೀಕಾಲ್ ಹಾಗಲ್ಲ. ಅದರಿಂದ ಲಾಭ ರಸ್ತೆ ಬದಿಯಲ್ಲಿ ಉಸಿರಾಡುವವರಿಗೆ, ಏನಾದರೂ ಕಿರಿಕಿರಿ ಬಂದರೆ ಅದು ನಮಗೆ. ಹಾಗಾಗಿ ಸ್ವಲ್ಪ ಲೆಕ್ಕ ಹಾಕಿ ನೋಡುವುದರಲ್ಲಿ ತಪ್ಪಿಲ್ಲ.

ಮೊದಲು, ಹೊಗೆ ಸರ್ಟಿಫಿಕೇಟನ್ನು ಪಕ್ಕಕ್ಕಿಡಿ

ಪೇಟೆಯ ಕೇಂದ್ರದಲ್ಲಿ ಡೀಸೆಲ್ ಗಾಡಿಗೆ ಮಾಡುವ ಪರೀಕ್ಷೆ ನೋಡಿದ್ದೀರಲ್ಲ. ನ್ಯೂಟ್ರಲ್‌ನಲ್ಲಿ ನಿಲ್ಲಿಸಿ, ಸೈಲೆನ್ಸರಿಗೆ ಕೊಳವೆ ಸಿಕ್ಕಿಸಿ, ನಾಲ್ಕಾರು ಸಲ ಎಕ್ಸಲರೇಟರ್ ಒತ್ತುತ್ತಾರೆ. ಯಂತ್ರ ಅಳೆಯುವುದು ಹೊಗೆ ಎಷ್ಟು ದಟ್ಟ ಎಂಬುದನ್ನು ಮಾತ್ರ. ಬಿಎಸ್-4 (ಹೊಗೆಯ ಸರಕಾರಿ ಮಾನದಂಡದ ನಾಲ್ಕನೇ ಹಂತ) ಗಾಡಿಗೆ ಆ ದಟ್ಟತೆಯ ಮಿತಿ 50 ಅಂಕ, ಅದಕ್ಕಿಂತ ಹಳತಕ್ಕೆ 65.

ಆದರೆ ಹೊಗೆ ರೀಕಾಲ್ ಬರುವುದು ಹೆಚ್ಚಾಗಿ ನೈಟ್ರೋಜನ್ ಆಕ್ಸೈಡ್‌ಗಾಗಿ. ಅದು ಕಪ್ಪು ಹೊಗೆಯಂತೆ ಕಣ್ಣಿಗೆ ಕಾಣುವುದಿಲ್ಲ. ಗಂಟಲು, ಶ್ವಾಸಕೋಶ ಕೆರಳಿಸುತ್ತದೆ, ಆಸ್ತಮಾ ಇರುವವರಿಗೆ ತೊಂದರೆ ಜಾಸ್ತಿ. ಪೇಟೆಯ ಯಂತ್ರ ಅದನ್ನು ಅಳೆಯುವುದೇ ಇಲ್ಲ. ಇನ್ನೂ ತಮಾಷೆ ಅಂದರೆ, ಇಂಜಿನ್ ಒಳಗೆ ಬೆಂಕಿ ಹೆಚ್ಚು ಬಿಸಿಯಾಗಿ ಉರಿದಷ್ಟೂ ಕಪ್ಪು ಹೊಗೆ ಕಮ್ಮಿ, ನೈಟ್ರೋಜನ್ ಆಕ್ಸೈಡ್ ಜಾಸ್ತಿ. ಅಂದರೆ ಹೊಗೆ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತೆಗೆದ ಗಾಡಿಯೇ ಇನ್ನೊಂದು ಕಡೆ ಫೇಲ್ ಇರಬಹುದು.

ಫೋಕ್ಸ್‌ವ್ಯಾಗನ್ ಹಗರಣ ಆದದ್ದು ಇದೇ ವಿಷಯಕ್ಕೆ. 2015ರ ಸೆಪ್ಟೆಂಬರ್ 18ರಂದು ಅಮೆರಿಕದ ಪರಿಸರ ಸಂಸ್ಥೆ ಆ ಕಂಪೆನಿಗೆ ನೋಟಿಸ್ ಕೊಟ್ಟಿತು. ಲ್ಯಾಬಿನಲ್ಲಿ ಪರೀಕ್ಷೆ ನಡೆಯುತ್ತಿದೆ ಎಂದು ಕಾರಿನ ಸಾಫ್ಟ್‌ವೇರಿಗೇ ಗೊತ್ತಾಗುತ್ತಿತ್ತು, ಆಗ ಮಾತ್ರ ಶಿಸ್ತಿನಲ್ಲಿ ಇರುತ್ತಿತ್ತು. ರಸ್ತೆಗೆ ಇಳಿದರೆ ಅಮೆರಿಕದ ಮಿತಿಯ 40 ಪಟ್ಟಿನವರೆಗೂ ನೈಟ್ರೋಜನ್ ಆಕ್ಸೈಡ್ ಬಿಡುತ್ತಿತ್ತು. ಇನ್‌ಸ್ಪೆಕ್ಟರ್ ಬರುವ ದಿನ ಮಾತ್ರ ಚಂದ ಪಾಠ ಮಾಡುವ ನಮ್ಮಂಥ ಮಾಷ್ಟ್ರುಗಳ ಹಾಗೆ ಅನ್ನಿ. ಜಗತ್ತಿನಲ್ಲಿ ಇಂಥ ಕಾರುಗಳು ಸುಮಾರು 1.1 ಕೋಟಿ. ನಮ್ಮಲ್ಲಿ ಪುಣೆಯ ವಾಹನ ಪರೀಕ್ಷಾ ಸಂಸ್ಥೆ ಎಆರ್‌ಎಐ ರಸ್ತೆಯಲ್ಲಿ ಓಡಿಸಿ ನೋಡಿದಾಗಲೂ ವ್ಯತ್ಯಾಸ ಸಿಕ್ಕಿತು. 2015ರ ಡಿಸೆಂಬರಿನಲ್ಲಿ ಫೋಕ್ಸ್‌ವ್ಯಾಗನ್ ಗುಂಪು ಭಾರತದ 3,23,700 ಕಾರುಗಳನ್ನು ವಾಪಸ್ ಕರೆಯುವುದಾಗಿ ಹೇಳಿತು. ಫೋಕ್ಸ್‌ವ್ಯಾಗನ್, ಸ್ಕೋಡಾ, ಆಡಿ ಮೂರೂ ಅದರಲ್ಲಿದ್ದವು, ಇಂಜಿನ್ ಇಎ189 ಕುಟುಂಬದ್ದು.

ಅದೇ ಮೊದಲಲ್ಲ. 2013ರಲ್ಲಿ ಜನರಲ್ ಮೋಟಾರ್ಸ್ ಸುಮಾರು 1.14 ಲಕ್ಷ ಟವೇರಾಗಳನ್ನು ಹೊಗೆಯ ಕಾರಣಕ್ಕೇ ಕರೆದಿತ್ತು. ಮದುವೆ ದಿಬ್ಬಣಕ್ಕೆ, ಆಸ್ಪತ್ರೆಗೆ ಅಂತ ಆ ಗಾಡಿಯಲ್ಲಿ ಹೋಗದವರು ನಮ್ಮ ಕಡೆ ಕಮ್ಮಿ.

ಕರೆ ಇರುವುದು ನಿಮ್ಮ ಗಾಡಿಗೇನಾ?

ಆರ್‌ಸಿಯಲ್ಲಿ 17 ಅಕ್ಷರ-ಅಂಕೆಗಳ ಚಾಸಿಸ್ ನಂಬರ್ ಇರುತ್ತದೆ. ಅದನ್ನು ಕಂಪೆನಿಯ ವೆಬ್‌ಸೈಟಿನಲ್ಲಿ ಹಾಕಿ ನೋಡಿ, ಇಲ್ಲವೇ ಅಧಿಕೃತ ವರ್ಕ್‌ಶಾಪಿಗೆ ಫೋನ್ ಮಾಡಿ ಹೇಳಿ. ಕರೆ ಬಾಕಿ ಉಂಟೋ ಇಲ್ಲವೋ ಅಲ್ಲಿಯೇ ಗೊತ್ತಾಗುತ್ತದೆ.

ನಮ್ಮಂಥ ಕೇರಳ-ಕರ್ನಾಟಕ ಗಡಿಯವರು ಇದನ್ನು ಮಾಡಲೇಬೇಕು. ನಮ್ಮಲ್ಲಿ ಎಷ್ಟೋ ಕಾರುಗಳು ಬೆಂಗಳೂರಿನಿಂದಲೋ ಮಂಗಳೂರಿನಿಂದಲೋ ಸೆಕೆಂಡ್ ಹ್ಯಾಂಡ್ ಬಂದವು. ಎನ್‌ಒಸಿ ತಂದು, ಇಲ್ಲಿ ಟ್ಯಾಕ್ಸ್ ಕಟ್ಟಿ, ಕೆಎ ನಂಬರ್ ಹೋಗಿ ಕಾಸರಗೋಡಿನ ಕೆಎಲ್-14 ಆಗಿರುತ್ತದೆ. ಆದರೆ ಕಂಪೆನಿಯ ಪುಸ್ತಕದಲ್ಲಿ ಮೊದಲ ಮಾಲೀಕರ ವಿಳಾಸವೇ ಇರಬಹುದು. ಪತ್ರ ಜಯನಗರಕ್ಕೋ ಕದ್ರಿಗೋ ಹೋಗಿ ಕಸದ ಬುಟ್ಟಿ ಸೇರಿರುತ್ತದೆ. ಗಲ್ಫಿನಲ್ಲಿರುವ ಮಗನ ಹೆಸರಿನ ಕಾರಿನದ್ದೂ ಇದೇ ಕಥೆ, ಮೆಸೇಜ್ ಅವನ ಹಳೇ ನಂಬರಿಗೆ ಹೋಗಿರುತ್ತದೆ. ಪತ್ರ ಬಂದಿಲ್ಲ ಎಂದ ಮಾತ್ರಕ್ಕೆ ಕರೆ ಇಲ್ಲ ಅಂತ ಅಲ್ಲ.

ಏನು ಮಾಡುತ್ತಾರೆ, ಕೇಳಿ

ನಿರ್ಧಾರ ನಿಂತಿರುವುದು ಇಲ್ಲಿಯೇ. "ಸುಮ್ನೆ ಒಂದು ಅಪ್‌ಡೇಟ್ ಸಾರ್" ಎಂಬ ಉತ್ತರಕ್ಕೆ ತೃಪ್ತಿಪಡಬೇಡಿ.

ನೈಟ್ರೋಜನ್ ಆಕ್ಸೈಡ್ ಕಮ್ಮಿ ಮಾಡಲಿಕ್ಕೆ ಉರಿಯುವ ಬಿಸಿಯನ್ನು ಇಳಿಸಬೇಕು. ಅದಕ್ಕೊಂದು ದಾರಿ ಇಜಿಆರ್. ಹೊರಗೆ ಹೋಗುವ ಹೊಗೆಯ ಒಂದು ಪಾಲನ್ನು ಇದು ತಿರುಗಿ ಇಂಜಿನ್ ಒಳಗೆ ಬಿಡುತ್ತದೆ. ಹೊಸ ಸಾಫ್ಟ್‌ವೇರ್ ಈ ಇಜಿಆರ್‌ನಿಂದ ಜಾಸ್ತಿ ಕೆಲಸ ತೆಗೆಯಬಹುದು, ಡೀಸೆಲ್ ಚಿಮ್ಮಿಸುವ ಸಮಯವನ್ನೂ ಬದಲಿಸಬಹುದು. ಹೊಗೆ ತಿರುಗಿ ಒಳಗೆ ಹೋದರೆ ಮಸಿಯೂ ಜೊತೆಗೆ ಹೋಗುತ್ತದೆ, ವಾಲ್ವ್‌ಗೆ ಹಿಡಿಯುತ್ತದೆ. ಯುರೋಪಿನಲ್ಲಿ ಇಎ189 ಕಾರುಗಳಿಗೆ ಸಾಫ್ಟ್‌ವೇರ್ ಹಾಕಿಸಿಕೊಂಡ ಕೆಲವರು ಇಜಿಆರ್ ಕೆಟ್ಟಿತು ಎಂದು ದೂರಿದ್ದು ಸುಳ್ಳಲ್ಲ. ಕಂಪೆನಿ ಮಾತ್ರ ಮೈಲೇಜಿಗೂ ಬಾಳಿಕೆಗೂ ತೊಂದರೆ ಇಲ್ಲ ಎಂದೇ ಹೇಳುತ್ತಿತ್ತು. ಅಲ್ಲಿನ 1.6 ಲೀಟರ್ ಇಂಜಿನ್ನಿಗೆ ಸಾಫ್ಟ್‌ವೇರಿನ ಜೊತೆ ಗಾಳಿ ಹೋಗುವ ದಾರಿಯಲ್ಲಿ ಒಂದು ಸಣ್ಣ ಜಾಲರಿಯ ತುಂಡನ್ನೂ ಕೂರಿಸಿದರು. ಒಟ್ಟು ಕೆಲಸ ಒಂದು ಗಂಟೆಯೂ ಅಲ್ಲ.

ಹಾಗಾಗಿ ಸರ್ವಿಸ್ ಅಡ್ವೈಸರ್ ಹತ್ತಿರ ಕೇಳಿ: ಬರೀ ಸಾಫ್ಟ್‌ವೇರಾ, ಭಾಗವೂ ಬದಲಾಗುತ್ತದಾ? ಈ ಬದಲಾವಣೆಗೆ ಸರಕಾರದ ಪರೀಕ್ಷಾ ಸಂಸ್ಥೆಯ ಒಪ್ಪಿಗೆ ಸಿಕ್ಕಿದೆಯಾ? ಮಾಡಿದ ಮೇಲೆ ಇಜಿಆರ್ ಅಥವಾ ಇಂಜೆಕ್ಟರ್ ಕೆಟ್ಟರೆ ಯಾರ ಖರ್ಚು? ಈ ಕೊನೆಯದಕ್ಕೆ ಬಾಯಿ ಮಾತಿನ ಉತ್ತರ ಬೇಡ. ಇಮೇಲ್ ಕಳಿಸಿ ಕೇಳಿದರೆ ಉತ್ತರವೂ ಬರಹದಲ್ಲೇ ಬರುತ್ತದೆ.

ನಿಮ್ಮ ಗಾಡಿ ಹೇಗೆ ಓಡುತ್ತದೆ?

ಮನೆಯಿಂದ ತೋಟಕ್ಕೆ, ತೋಟದಿಂದ ಪೇಟೆಗೆ, ದಿನಕ್ಕೆ ನಾಲ್ಕು ಕಿಲೋಮೀಟರ್, ಅದೂ ಗುಡ್ಡೆ ರಸ್ತೆಯಲ್ಲಿ ಸೆಕೆಂಡ್ ಗೇರ್. ಇಂಜಿನ್ ಬಿಸಿಯಾಗುವ ಮೊದಲೇ ಆಫ್. ಇಂಥ ಗಾಡಿಗೆ ರೀಕಾಲ್ ಮಾಡಿಸದಿದ್ದರೂ ಮಸಿ ಕಟ್ಟುತ್ತದೆ, ಮಾಡಿಸಿದರೆ ಇನ್ನಷ್ಟು ಬೇಗ ಕಟ್ಟಬಹುದು. ವಾರಕ್ಕೊಮ್ಮೆಯಾದರೂ ಹೆದ್ದಾರಿಯಲ್ಲಿ ಅರ್ಧ ಗಂಟೆ ನಿಲ್ಲಿಸದೆ ಓಡಿಸಿ. ಹೆದ್ದಾರಿ 66ರಲ್ಲಿ ಮಂಗಳೂರಿಗೋ ಕಾಞಂಗಾಡಿಗೋ ಓಡಾಡುವ ಕಾರಿಗೆ ಈ ಚಿಂತೆ ಅಷ್ಟಿಲ್ಲ.

ಇನ್ನೊಂದು ಗುಟ್ಟಿನ ವಿಷಯ. ಪಿಕಪ್ ಬೇಕೆಂದು ಹೊರಗಿನ ಗ್ಯಾರೇಜಿನಲ್ಲಿ ರೀಮ್ಯಾಪ್ (ಇಂಜಿನ್ನಿನ ಸಾಫ್ಟ್‌ವೇರ್ ತಿದ್ದುವುದು) ಮಾಡಿಸಿದ್ದೀರಾ? ರೀಕಾಲಿನ ಸಾಫ್ಟ್‌ವೇರ್ ಅದನ್ನು ಅಳಿಸಿಬಿಡುತ್ತದೆ. "ರೀಕಾಲ್ ಆದ ಮೇಲೆ ಗಾಡಿ ಸತ್ತುಹೋಯಿತು" ಎನ್ನುವವರಲ್ಲಿ ಕೆಲವರ ಕಥೆ ಇದು. ಇಜಿಆರ್ ಮುಚ್ಚಿಸಿದವರಂತೂ ಮೊದಲು ಅದನ್ನು ಬಿಡಿಸಬೇಕು. ಹಾಗೆ ಮುಚ್ಚುವುದು ಕಾನೂನಿಗೂ ವಿರುದ್ಧ.

ಕೊಡುವ ಮೊದಲು ಮೈಲೇಜ್ ಬರೆದಿಡಿ

ಇದನ್ನು ಯಾರೂ ಮಾಡುವುದಿಲ್ಲ, ಆಮೇಲೆ ಜಗಳಕ್ಕೆ ಆಧಾರವೂ ಇರುವುದಿಲ್ಲ. ನಾನೂ ಒಮ್ಮೆ ಬೇರೊಂದು ಕಾರಿಗೆ ಅಪ್‌ಡೇಟ್ ಹಾಕಿಸಿ ಬಂದು, ಮೈಲೇಜ್ ಬಿದ್ದಿದೆ ಅಂತ ಹೇಳಲು ಹೋದೆ. "ಮೊದಲು ಎಷ್ಟಿತ್ತು?" ಅಂದರು. ಬಾಯಿ ಮುಚ್ಚಿಕೊಂಡು ವಾಪಸ್ ಬಂದೆ.

ಟ್ಯಾಂಕ್ ಫುಲ್ ಮಾಡಿಸಿ, ಓಡಿಸಿ, ಮತ್ತೆ ಫುಲ್ ಮಾಡಿಸಿ. ಓಡಿದ ಕಿಲೋಮೀಟರನ್ನು ಎರಡನೇ ಸಲ ಹಿಡಿದ ಲೀಟರಿನಿಂದ ಭಾಗಿಸಿ. ಹೀಗೆ ಮೂರು ಸಲ. ಒಂದೇ ಪಂಪಿನಲ್ಲಿ ಹಾಕಿಸಿ. ಒಮ್ಮೆ ಕಡಿಮೆ ರೇಟಿಗೆ ತಲಪಾಡಿ ಗಡಿ ದಾಟಿ, ಇನ್ನೊಮ್ಮೆ ಕುಂಬಳೆಯಲ್ಲಿ ಅಂತ ಮಾಡಿದರೆ ಲೆಕ್ಕ ಕೈಗೆ ಸಿಗುವುದಿಲ್ಲ. ದಾರಿಯೂ ಒಂದೇ ಇರಲಿ. ಚೆರ್ಕಳದಿಂದ ಪೆರ್ಲ, ಅಡ್ಕಸ್ಥಳ, ವಿಟ್ಲದ ಮೇಲೆ ಕಲ್ಲಡ್ಕದವರೆಗಿನ ರಸ್ತೆ ಇಂಥ ಪರೀಕ್ಷೆಗೆ ಒಳ್ಳೆಯದು. ಏರು, ಇಳಿಜಾರು, ತಿರುವು ಎಲ್ಲ ಸಿಗುತ್ತದೆ. ಮಳೆಗಾಲದ ಮೈಲೇಜನ್ನು ಏಪ್ರಿಲ್‌ನ ಎಸಿ ಮೈಲೇಜಿಗೆ ಹೋಲಿಸಬೇಡಿ.

ನಷ್ಟ ಆದರೂ ಎಷ್ಟಾದೀತು? ಮೈಲೇಜ್ 18 ಇದ್ದದ್ದು 17 ಆಯಿತು ಅನ್ನಿ. ವರ್ಷಕ್ಕೆ 10,000 ಕಿಲೋಮೀಟರ್ ಓಡಿದರೆ ಸುಮಾರು 33 ಲೀಟರ್ ಜಾಸ್ತಿ ಬೇಕು. ಲೀಟರಿಗೆ 95 ರೂಪಾಯಿ ಹಿಡಿದರೆ 3,100 ರೂಪಾಯಿ ಆಸುಪಾಸು. ತಿಂಗಳಿಗೆ 260 ರೂಪಾಯಿ. ನನ್ನ ಮಟ್ಟಿಗೆ ಅದು ರೀಕಾಲ್ ಬಿಡಲು ಸಾಕಾಗುವ ಕಾರಣ ಅಲ್ಲ. ಮಗ್ಗುಲಲ್ಲೇ ಬಸ್ಸಿಗೆ ಕಾಯುವ ಶಾಲೆ ಮಕ್ಕಳಿದ್ದಾರೆ.

ಹೋಗದಿದ್ದರೆ ದಂಡ ಇದೆಯಾ?

ಮೋಟಾರು ವಾಹನ ಕಾಯಿದೆಗೆ 2019ರ ತಿದ್ದುಪಡಿಯಲ್ಲಿ 110ಎ ಎಂಬ ಕಲಂ ಸೇರಿತು. ಪರಿಸರಕ್ಕೆ ಹಾನಿ ಮಾಡುವ ದೋಷ ಇದ್ದರೂ ಗಾಡಿ ವಾಪಸ್ ಕರೆಯಿರಿ ಎಂದು ಕೇಂದ್ರ ಸರಕಾರ ಕಂಪೆನಿಗೆ ಹೇಳಬಹುದು. ಇದರ ನಿಯಮ 2021ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ, ಏಳು ವರ್ಷದೊಳಗಿನ ಗಾಡಿಗಳಿಗೆ. ದಂಡದ ಮಾತೆಲ್ಲ ಕಂಪೆನಿಗೆ, ಮಾಲೀಕರಿಗಲ್ಲ. ಜರ್ಮನಿಯಲ್ಲಿ ಸಾಫ್ಟ್‌ವೇರ್ ಹಾಕಿಸದ ಕಾರುಗಳ ನೋಂದಣಿಯನ್ನೇ ತೆಗೆದದ್ದುಂಟು, ನಮ್ಮಲ್ಲಿ ಹಾಗಿಲ್ಲ. 'ಹತ್ತು ವರ್ಷ ಆದ ಡೀಸೆಲ್ ಗಾಡಿ ಓಡಿಸಬಾರದು' ಅಂತ ವಾಟ್ಸ್ಯಾಪಿನಲ್ಲಿ ಬರುವುದು ದೆಹಲಿ ಸುತ್ತಮುತ್ತಲಿನ ವಿಷಯ, ಅದನ್ನು ಕಾಸರಗೋಡಿಗೆ ಅಂಟಿಸಿಕೊಂಡು ಗಾಬರಿ ಬೀಳಬೇಡಿ.

ನಾನು ಬದಿಯಡ್ಕದವರಿಗೆ ಹೇಳಿದ್ದು ಇಷ್ಟು: ಎಂಟು-ಹತ್ತು ವರ್ಷದೊಳಗಿನ ಗಾಡಿ, ಇನ್ನೂ ಇಟ್ಟುಕೊಳ್ಳುವುದಿದ್ದರೆ ಮಾಡಿಸಿ. ಇಜಿಆರ್ ಈಗಲೇ ಕೆಮ್ಮುತ್ತಿದ್ದರೆ, ಪಿಕಪ್ ಇಲ್ಲ, ಇಂಜಿನ್ ಲೈಟ್ ಹತ್ತುತ್ತಿದೆ ಎಂದಾದರೆ ಮೊದಲು ಅದನ್ನು ತೋರಿಸಿ, ಜಾಬ್ ಕಾರ್ಡಿನಲ್ಲಿ ಬರೆಸಿ, ಆಮೇಲೆ ರೀಕಾಲ್. ಇಲ್ಲದಿದ್ದರೆ ಹಳೆಯ ಕಾಯಿಲೆಗೂ ಹೊಸ ಸಾಫ್ಟ್‌ವೇರನ್ನೇ ಬೈಯುತ್ತೀರಿ, ಅವರು ನಿಮ್ಮ ಡ್ರೈವಿಂಗನ್ನು ಬೈಯುತ್ತಾರೆ. ಹದಿನೈದು ವರ್ಷ ಆಗುತ್ತಾ ಬಂದ, ಮುಂದಿನ ವರ್ಷ ಕೊಟ್ಟುಬಿಡುವ ಗಾಡಿ, ದಿನಕ್ಕೆ ನಾಲ್ಕು ಕಿಲೋಮೀಟರ್ ಓಡುವಂಥದ್ದು, ಅದಕ್ಕೆ ಮಾಡಿಸದಿದ್ದರೆ ನಾನು ಜಗಳ ಆಡುವುದಿಲ್ಲ.

ಹೋಗುವುದಾದರೆ ಬೆಳಗ್ಗೆ ಬೇಗ ಹೊರಡಿ, ತಲಪಾಡಿ ಟೋಲ್ ಹತ್ತಿರ ಸಾಲು ಇರುತ್ತದೆ. ಬ್ಯಾಟರಿ ಸರಿ ಇದೆಯಾ ನೋಡಿಕೊಳ್ಳಿ, ಸಾಫ್ಟ್‌ವೇರ್ ಹಾಕುವಾಗ ಕರೆಂಟ್ ಕಡಿಮೆಯಾಗಬಾರದು. ಬಿಲ್ಲು ಸೊನ್ನೆ ಇರಬೇಕು, ಜೊತೆಗೆ ಬೇರೆ ಸರ್ವಿಸ್ ತುರುಕಲು ಬಿಡಬೇಡಿ. ಕೆಲಸದ ಹೆಸರು, ತಾರೀಕು, ಕಿಲೋಮೀಟರ್ ರೀಡಿಂಗ್ ಇರುವ ಜಾಬ್ ಕಾರ್ಡನ್ನು ಸೀಲ್ ಹಾಕಿಸಿ ತನ್ನಿ. ಆರ್‌ಸಿ ಇಡುವ ಲಕೋಟೆಯಲ್ಲೇ ಇಡಿ. ಆಮೇಲಿನ ಮೂರು ಟ್ಯಾಂಕಿನ ಲೆಕ್ಕವನ್ನು ಅದೇ ಕಾಗದದ ಹಿಂದೆ ಬರೆದರಾಯಿತು.