70 ದಾಟಿದರೆ ನಡುಗುವ ಹೊಸ ಪಿಕಪ್: ಪುಣೆಯ ಕನ್ನಡಿಗರಿಗೆ

ಹಡಪಸರದ ಗದ್ದಲ ಮುಗಿದು ಲೋಣಿ ಕಾಳಭೋರ ಬಿಟ್ಟ ಮೇಲೆ ಸೋಲಾಪುರದ ರಸ್ತೆ ಬಿಚ್ಚಿಕೊಳ್ಳುತ್ತದೆ. ಹೊಸ ಡಬಲ್ ಕ್ಯಾಬ್ ಪಿಕಪ್ ತಗೊಂಡು ಮೊದಲ ಸಲ ಊರಿಗೆ, ಇಂಡಿ ಕಡೆಗೆ ಹೊರಟಿದ್ದೆವು. ಮುಳ್ಳು 70 ದಾಟಿತು. ಸ್ಟೇರಿಂಗ್ ಸಣ್ಣಗೆ ನಡುಗಲು ಶುರುವಾಯಿತು. 80ಕ್ಕೆ ಬಾಗಿಲಿನ ಖಾನೆಯಲ್ಲಿದ್ದ ನೀರಿನ ಬಾಟಲಿಯೂ ಕಟಕಟ ಅನ್ನುತ್ತಿತ್ತು. ಹಿಂದೆ ಕೂತಿದ್ದ ಅವ್ವ, "ರಸ್ತೆ ಕೆಟ್ಟೈತೇನೋ ಇಲ್ಲಿ?" ಅಂತ ಕೇಳಿದಳು. ರಸ್ತೆ ಚೆನ್ನಾಗಿಯೇ ಇತ್ತು. ಗಾಡಿ ಓಡಿದ್ದು ಬರೀ 600 ಕಿಲೋಮೀಟರ್.

ಅದು ಸರಿಯಾಗಲು ನಾಲ್ಕು ಸಲ ಸರ್ವಿಸ್ ಸೆಂಟರ್ ಮೆಟ್ಟಿಲು ಹತ್ತಬೇಕಾಯಿತು. ನಾನು ಚಿಂಚವಡದಲ್ಲಿ ಗಾಡಿಯ ಬಿಡಿಭಾಗಗಳನ್ನು ತಪಾಸಣೆ ಮಾಡುವ ಕೆಲಸದಲ್ಲಿದ್ದೇನೆ. ತಿರುಗುವ ಭಾಗ ಎಷ್ಟು ಏರಿಳಿಯುತ್ತದೆ ಅಂತ ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜ್ ಹಿಡಿಯುವುದು ನನ್ನ ದಿನದ ಕೆಲಸ. ಆದರೂ ಮೊದಲ ಎರಡು ಸಲ ಅಲ್ಲಿನ ಸರ್ವಿಸ್ ಅಡ್ವೈಸರ್ ಹೇಳಿದ್ದಕ್ಕೆ ತಲೆಯಾಡಿಸಿ ವಾಪಸ್ ಬಂದೆ. ಅವರು ಹೇಳಿದ್ದು ಇಷ್ಟೇ: "ಪಿಕಪ್ ಅಶೀಚ್ ಅಸತೇ, ಸಾಹೇಬ್." ಪಿಕಪ್ ಅಂದರೆ ಹೀಗೇ ಇರೋದು ಅಂತ.

ಈ ಮಾತು ಪುಣೆಯ ಎಷ್ಟೋ ಕನ್ನಡಿಗರ ಕಿವಿಗೆ ಬಿದ್ದಿದೆ. ಇದರಲ್ಲಿ ಅರ್ಧ ನಿಜವಿದೆ, ಅದಕ್ಕೇ ನಂಬಿಬಿಡುತ್ತೇವೆ. ಪಿಕಪ್‌ಗೆ ಹಿಂದೆ ಪಾಟಾ, ಅಂದರೆ ಲೀಫ್ ಸ್ಪ್ರಿಂಗ್ ಇರುತ್ತದೆ. ಭಾರ ಹೊರಲು ಮಾಡಿದ್ದು ಅದು. ತೊಟ್ಟಿ ಖಾಲಿ ಇದ್ದಾಗ ಗುಂಡಿಗೆ ಬಿದ್ದರೆ ಹಿಂಬದಿ ಕುಣಿಯುತ್ತದೆ. ಅದು ಗಾಡಿಯ ಸ್ವಭಾವ. ಆದರೆ ನುಣುಪಾದ ರಸ್ತೆಯಲ್ಲಿ, ಒಂದೇ ವೇಗದಲ್ಲಿ, ಪ್ರತಿ ಸಲವೂ ಬರುವ ನಡುಕ ಸ್ವಭಾವ ಅಲ್ಲ. ತಿರುಗುವ ಯಾವುದೋ ಒಂದು ಭಾಗ ಸರಿಯಿಲ್ಲ ಅಂತ ಅದರರ್ಥ. ಯಾವುದು ಅನ್ನುವುದನ್ನು ನೀವೇ ಬಹುಪಾಲು ಕಂಡುಹಿಡಿಯಬಹುದು. ಕಂಡುಹಿಡಿದು, ಅದನ್ನು ಕಾಗದದ ಮೇಲೆ ಬರುವ ಹಾಗೆ ಮಾಡಬೇಕು. ಅರ್ಧ ಗೆಲುವು ಅಲ್ಲೇ ಇದೆ.

ಮೊದಲು ರಸ್ತೆ ಆರಿಸಿಕೊಳ್ಳಿ. ನಮ್ಮವರು ಬಹಳ ಜನ ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇನಲ್ಲಿ ಗಾಡಿ ಪರೀಕ್ಷೆ ಮಾಡುತ್ತಾರೆ. ಅದು ಕಾಂಕ್ರೀಟ್ ರಸ್ತೆ. ನಮ್ಮ ದೇಶದ ಕಾಂಕ್ರೀಟ್ ರಸ್ತೆಗಳಲ್ಲಿ ಸಾಮಾನ್ಯವಾಗಿ ನಾಲ್ಕೂವರೆ ಮೀಟರ್‌ಗೊಂದು ಅಡ್ಡ ಜಾಯಿಂಟ್ ಇರುತ್ತದೆ. 80ರ ವೇಗದಲ್ಲಿ ಸೆಕೆಂಡಿಗೆ ಸುಮಾರು ಐದು ಸಲ ಟಪ್ ಟಪ್ ಅಂತ ಬಡಿಯುತ್ತದೆ. ಗಾಡಿಯಲ್ಲೇ ದೋಷ ಇದೆ ಅಂದುಕೊಳ್ಳಲು ಅಷ್ಟು ಸಾಕು. ಅದಕ್ಕೆ ಸೋಲಾಪುರ ಕಡೆಗೋ ಸಾತಾರಾ ಕಡೆಗೋ ಒಳ್ಳೆಯ ಡಾಂಬರು ಸಿಗುವ ಕಡೆ ಹೋಗಿ. ಬೆಳಗ್ಗೆ ಬೇಗ ಹೋದರೆ ಲಾರಿ ಕಡಿಮೆ. ಸರಕು ವಾಹನಗಳಿಗೆ ಎಕ್ಸ್‌ಪ್ರೆಸ್‌ವೇನಲ್ಲಿ 80ರ ಮಿತಿ ಇದೆ, ಕ್ಯಾಮೆರಾ ಚಲನ್ ಮನೆಗೇ ಬರುತ್ತದೆ. ಪರೀಕ್ಷೆ ಮಾಡಲು 80 ಧಾರಾಳ ಸಾಕು, ಅದಕ್ಕಿಂತ ಜಾಸ್ತಿ ಓಡಿಸಬೇಕಿಲ್ಲ.

ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಳ್ಳಿ. ಓಡಿಸುವವರು ಬರೆಯಬಾರದು. ನಡುಕ ಯಾವ ವೇಗದಲ್ಲಿ ಶುರುವಾಯಿತು, ಯಾವಾಗ ಜೋರಾಯಿತು, ಯಾವಾಗ ಇಳಿಯಿತು, ಎಲ್ಲಿ ತಿಳಿಯುತ್ತಿದೆ, ಇಷ್ಟು ಅವರು ಬರೆದುಕೊಳ್ಳಲಿ. ಸ್ಟೇರಿಂಗ್ ನಡುಗಿದರೆ ಸಾಮಾನ್ಯವಾಗಿ ಮುಂದಿನ ಚಕ್ರ. ಸೀಟು, ನೆಲ ನಡುಗಿದರೆ ಹಿಂದಿನ ಚಕ್ರ, ಇಲ್ಲವೇ ಪ್ರೊಪೆಲ್ಲರ್ ಶಾಫ್ಟ್, ಅಂದರೆ ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳಿಗೆ ಬಲ ಒಯ್ಯುವ ಉದ್ದನೆಯ ದಂಡ. ಬ್ರೇಕ್ ಒತ್ತಿದಾಗ ಮಾತ್ರ ಬಂದರೆ ಡಿಸ್ಕ್ ಕಡೆ ನೋಡಬೇಕು, ಅದು ಬೇರೆಯೇ ಕಥೆ. ಇಂಜಿನ್ನಿನದೇ ನಡುಕವೋ ಅಂತ ತಿಳಿಯಲು ಅದೇ 75ರ ವೇಗವನ್ನು ಒಮ್ಮೆ ನಾಲ್ಕನೇ ಗೇರಲ್ಲಿ, ಒಮ್ಮೆ ಐದನೇ ಗೇರಲ್ಲಿ ಹಿಡಿಯಿರಿ. ಇಂಜಿನ್ ಸುತ್ತು ಬದಲಾದರೂ ನಡುಕ ಹಾಗೇ ಇದ್ದರೆ ಇಂಜಿನ್ ತಪ್ಪಿತಸ್ಥ ಅಲ್ಲ. ಕೆಲವರು ನ್ಯೂಟ್ರಲ್‌ಗೆ ಹಾಕಿ ನೋಡಿ ಅನ್ನುತ್ತಾರೆ. ದಯವಿಟ್ಟು ಬೋರಘಾಟ್, ಖಂಬಾಟಕಿ ಇಳಿಜಾರಲ್ಲಿ ಅದನ್ನು ಮಾಡಬೇಡಿ.

ಇನ್ನೊಂದು ಲೆಕ್ಕ ನನಗೆ ತುಂಬ ಇಷ್ಟ, ಯಾಕೆಂದರೆ ಇದರ ಮುಂದೆ ಯಾರ ಅಭಿಪ್ರಾಯವೂ ನಡೆಯುವುದಿಲ್ಲ. ದೊಡ್ಡ ಪಿಕಪ್ಪಿನ ಟೈರ್ ಒಂದು ಸುತ್ತು ಹಾಕಿದರೆ ಗಾಡಿ ಸುಮಾರು 2.3 ಮೀಟರ್ ಮುಂದೆ ಹೋಗುತ್ತದೆ. 80ರ ವೇಗ ಅಂದರೆ ಸೆಕೆಂಡಿಗೆ 22 ಮೀಟರ್. ಹಾಗಾಗಿ ಚಕ್ರ ಸೆಕೆಂಡಿಗೆ ಒಂಬತ್ತರಿಂದ ಹತ್ತು ಸಲ ತಿರುಗುತ್ತದೆ. ಪ್ರೊಪೆಲ್ಲರ್ ಶಾಫ್ಟ್ ಅದರ ಮೂರೂವರೆ, ನಾಲ್ಕು ಪಟ್ಟು, ಅಂದರೆ ಹೆಚ್ಚುಕಡಿಮೆ 35ರಿಂದ 40 ಸಲ. ಚಕ್ರದ ನಡುಕವನ್ನು ಕೈಯಲ್ಲಿ ಎಣಿಸಬಹುದು ಅನಿಸುತ್ತದೆ, ಸ್ಟೇರಿಂಗ್ ಎಡ ಬಲ ಆಡುತ್ತದೆ. ಶಾಫ್ಟ್‌ನದು ಗುಂಯ್ ಅನ್ನುವ ಸದ್ದಿನ ಹಾಗೆ, ಪಾದದಡಿ ಜುಮ್ ಅನ್ನುತ್ತದೆ. ಮೊಬೈಲಲ್ಲೇ ಇದನ್ನು ಅಳೆಯಬಹುದು. ಫೈಫಾಕ್ಸ್ ಅನ್ನುವ ಉಚಿತ ಆ್ಯಪ್ ಇದೆ, ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಮಾಡಿದ್ದು. ಮೊಬೈಲನ್ನು ಸೀಟಿನ ಪಕ್ಕ ನೆಲಕ್ಕೆ ಒತ್ತಿ ಇಟ್ಟರೆ ಸೆಕೆಂಡಿಗೆ ಎಷ್ಟು ಸಲ ನಡುಗುತ್ತಿದೆ ಅಂತ ತೋರಿಸುತ್ತದೆ. ನಮ್ಮ ಗಾಡಿಯಲ್ಲಿ 80ಕ್ಕೆ 9.5ರ ಹತ್ತಿರ ಮುಳ್ಳು ಎದ್ದು ನಿಂತಿತು. ಚಕ್ರವೇ ಅಂತ ಅವತ್ತೇ ಗೊತ್ತಾಯಿತು.

ಹೊಸ ಗಾಡಿಯ ಚಕ್ರಕ್ಕೆ ಏನಾಗಿರುತ್ತದೆ ಅಂತ ನೀವು ಕೇಳಬಹುದು. ತುಂಬ ಆಗಿರುತ್ತದೆ. ಕಂಪನಿಯಿಂದ ಹೊರಬಿದ್ದ ಗಾಡಿ ಯಾರ್ಡಿನಲ್ಲಿ ತಿಂಗಳುಗಟ್ಟಲೆ ಒಂದೇ ಕಡೆ ನಿಂತಿದ್ದರೆ ಟೈರಿನ ಕೆಳಭಾಗ ಚಪ್ಪಟೆಯಾಗುತ್ತದೆ. ಸ್ವಲ್ಪ ಚಪ್ಪಟೆಯಾಗಿದ್ದರೆ ಅರ್ಧ ಗಂಟೆ ಓಡಿಸಿ ಟೈರ್ ಬಿಸಿಯಾದ ಮೇಲೆ ಸರಿಹೋಗುತ್ತದೆ. ಹೋಗದಿದ್ದರೆ ಅದು ಕಾಯಂ. ಟೈರಿನ ಪಕ್ಕ ಕೊನೆಯ ನಾಲ್ಕು ಅಂಕಿ ನೋಡಿ. 3224 ಅಂತಿದ್ದರೆ 2024ರ 32ನೇ ವಾರ ತಯಾರಾದದ್ದು. ಹಾಗೇ ಗಾಳಿ. ಸಾಗಿಸುವಾಗ ಗಾಳಿ ಜಾಸ್ತಿ ಹಾಕಿರುತ್ತಾರೆ, ನಿಮಗೆ ಕೊಡುವ ಮುಂಚೆ ಇಳಿಸಬೇಕು, ಎಷ್ಟೋ ಸಲ ಮರೆತಿರುತ್ತಾರೆ. ಡ್ರೈವರ್ ಬಾಗಿಲಿನ ಕಂಬದ ಮೇಲೆ ಸ್ಟಿಕ್ಕರ್ ಇದೆ. ಖಾಲಿ ಗಾಡಿಗೆ ಎಷ್ಟು, ಲೋಡಿಗೆ ಎಷ್ಟು ಅಂತ ಅಲ್ಲೇ ಬರೆದಿರುತ್ತದೆ. ತಣ್ಣಗಿದ್ದಾಗ ಚೆಕ್ ಮಾಡಿಸಿ. ಮಳೆಗಾಲದಲ್ಲಿ ಮುಳಶಿ, ತಾಮ್ಹಿಣಿ ಕಡೆ ಹೋಗಿ ಬಂದಿದ್ದರೆ ರಿಮ್ಮಿನ ಒಳಗೆ ಕೈ ಹಾಕಿ ನೋಡಿ. ಒಣಗಿದ ಒಂದು ಹಿಡಿ ಕೆಸರು ಸಾಕು ನಡುಕಕ್ಕೆ.

ಅಲೈನ್‌ಮೆಂಟ್ ಬೇರೆ, ಬ್ಯಾಲೆನ್ಸಿಂಗ್ ಬೇರೆ. ಅಂಗಡಿಯವರು ಎರಡನ್ನೂ ಒಟ್ಟಿಗೇ ಹೇಳುವುದರಿಂದ ನಾವೂ ಒಂದೇ ಅಂದುಕೊಳ್ಳುತ್ತೇವೆ. ಗಾಡಿ ಒಂದು ಕಡೆ ಎಳೆದರೆ, ಟೈರ್ ಒಂದು ಬದಿ ಸವೆದರೆ ಅಲೈನ್‌ಮೆಂಟ್. ಈ ಥರ ನಡುಕಕ್ಕೆ ಅದರಿಂದ ಉಪಯೋಗವಿಲ್ಲ. ಚಕ್ರದ ತೂಕ ಸುತ್ತಲೂ ಸಮ ಆಗುವ ಹಾಗೆ ಸಣ್ಣ ತೂಕ ಅಂಟಿಸುವುದು ಬ್ಯಾಲೆನ್ಸಿಂಗ್. ನನ್ನ ಎರಡನೇ ಭೇಟಿ ಪೂರ್ತಿ ಅದಕ್ಕೇ ವ್ಯರ್ಥವಾಯಿತು. ಬ್ಯಾಲೆನ್ಸಿಂಗ್ ಮಾಡಿಸುವಾಗ ಎದುರು ನಿಂತು ನೋಡಿ. ಮಷಿನ್ ಎರಡು ಕಡೆಯೂ ಸೊನ್ನೆ ತೋರಿಸಿದ ಮೇಲೆ, ಚಕ್ರವನ್ನು ಮಷಿನ್ನಿನಿಂದ ಬಿಚ್ಚಿ ಅರ್ಧ ಸುತ್ತು ತಿರುಗಿಸಿ ಮತ್ತೆ ಅದರ ಮೇಲೇ ಕೂರಿಸಿ ಮಷಿನ್ ಓಡಿಸಲು ಹೇಳಿ. ಆಗ 20, 30 ಗ್ರಾಂ ಅಂತ ತೋರಿಸಿದರೆ ಮೊದಲ ಸಲ ಚಕ್ರ ಸರಿಯಾಗಿ ಕೂತಿರಲಿಲ್ಲ ಅಂತ ಅರ್ಥ. ಒಂದೇ ಚಕ್ರಕ್ಕೆ ತುಂಬ ತೂಕ ಅಂಟಿಸಬೇಕಾಗಿ ಬಂದರೆ, ಟೈರನ್ನು ರಿಮ್ಮಿನ ಮೇಲೆ ಅರ್ಧ ಸುತ್ತು ತಿರುಗಿಸಿ ಹಾಕಿ ಅಂತ ಕೇಳಿ. ಒಳ್ಳೆಯ ಕೆಲಸಗಾರರು ಬೇಡ ಅನ್ನುವುದಿಲ್ಲ.

ಬ್ಯಾಲೆನ್ಸ್ ಸೊನ್ನೆ ಇದ್ದರೂ ನಡುಗಬಹುದು. ತೂಕ ಸಮ ಇದ್ದರೂ ಟೈರ್ ದುಂಡಗಿಲ್ಲದೆ ಇರಬಹುದು. ಮೊಟ್ಟೆಯನ್ನು ಎಷ್ಟೇ ಬ್ಯಾಲೆನ್ಸ್ ಮಾಡಿ, ಉರುಳುವಾಗ ಮೇಲೆ ಕೆಳಗೆ ಆಗಿಯೇ ಆಗುತ್ತದೆ, ಅಲ್ವಾ? ಇದನ್ನು ಹಿಡಿಯಲು ಖರ್ಚಿಲ್ಲದ ದಾರಿ ಅಂದರೆ ಮುಂದಿನ ಎರಡು ಚಕ್ರ ಹಿಂದಕ್ಕೆ, ಹಿಂದಿನವು ಮುಂದಕ್ಕೆ. "ಪುಢಚೇ ಟಾಯರ್ ಮಾಗೇ ಟಾಕೂನ್ ಬಘಾ" ಅಂದರೆ ಸಾಕು. ಮೂರನೇ ಭೇಟಿಯಲ್ಲಿ ನಾನು ಹಟ ಹಿಡಿದು ಇದನ್ನೇ ಮಾಡಿಸಿದೆ. ಸ್ಟೇರಿಂಗಿನ ನಡುಕ ನಿಂತಿತು, ಸೀಟಿನ ಕೆಳಗೆ ಶುರುವಾಯಿತು. ಅಡ್ವೈಸರ್ ಪಕ್ಕದಲ್ಲೇ ಕೂತಿದ್ದರು. ಅವರೇ, "ಹೋ, ಆತಾ ಮಾಗೇ ಆಲಂ" ಅಂದರು. ಹೌದು, ಈಗ ಹಿಂದೆ ಬಂತು ಅಂತ. ಆಮೇಲೆ ಗಾಡಿ ಎತ್ತಿ ಡಯಲ್ ಇಟ್ಟು ತಿರುಗಿಸಿದಾಗ ರಿಮ್ ಸರಿ ಇತ್ತು, ಒಂದು ಟೈರ್ ಮಾತ್ರ ಎರಡು ಮಿಲಿಮೀಟರ್‌ಗಿಂತ ಜಾಸ್ತಿ ಏರಿಳಿಯುತ್ತಿತ್ತು.

ಚಕ್ರ ಅದಲು ಬದಲು ಮಾಡಿದರೂ ನಡುಕ ಇದ್ದಲ್ಲೇ ಇದ್ದರೆ ಮುಂದಿನ ಅನುಮಾನ ಪ್ರೊಪೆಲ್ಲರ್ ಶಾಫ್ಟ್. ಉದ್ದ ಗಾಡಿಗಳಲ್ಲಿ ಅದು ಎರಡು ತುಂಡಿನಲ್ಲಿ ಇರುತ್ತದೆ, ನಡುವೆ ಸೆಂಟರ್ ಬೇರಿಂಗ್. ಆಕ್ಸಿಲರೇಟರ್ ಒತ್ತಿದಾಗ ಜಾಸ್ತಿ, ಬಿಟ್ಟಾಗ ಕಡಿಮೆ ಆಗುತ್ತಿದ್ದರೆ ಕ್ರಾಸ್ (ಶಾಫ್ಟಿನ ತುದಿಯ ಕೀಲು), ಸೆಂಟರ್ ಬೇರಿಂಗ್, ಶಾಫ್ಟಿನ ಕೋನ ನೋಡಬೇಕು. ಗಾಡಿ ಎತ್ತರಿಸುವ ಕಿಟ್ ಹಾಕಿಸಿದ್ದರೆ ಕೋನ ಬದಲಾಗಿರುತ್ತದೆ, ವಾರಂಟಿಗೂ ತೊಂದರೆ. ನಡುಕದ ಪ್ರಶ್ನೆ ಮುಗಿಯುವ ತನಕ ಹೊರಗಿನ ಟೈರು, ರಿಮ್ಮು, ಕಿಟ್ ಏನೂ ಹಾಕಿಸಬೇಡಿ.

ಈಗ ಇಲ್ಲಿನ ವ್ಯವಸ್ಥೆಯ ಮಾತು. ಎಲ್ಲಕ್ಕೂ ಮೂಲ ಜಾಬ್ ಕಾರ್ಡ್, ಅಂದರೆ ಗಾಡಿ ಬಿಡುವಾಗ ನಿಮ್ಮ ದೂರು ಬರೆದುಕೊಳ್ಳುವ ಸರ್ವಿಸ್ ಸೆಂಟರಿನ ಕಾಗದ. ಮರಾಠಿ ಸರಿಯಾಗಿ ಬರಲ್ಲ ಅಂತ ನಮ್ಮವರು ಅಡ್ವೈಸರ್ ಬರೆದದ್ದಕ್ಕೆ ಸುಮ್ನೆ ಸಹಿ ಹಾಕುತ್ತಾರೆ. ಅವರು "ಜನರಲ್ ಚೆಕಪ್" ಅಂತ ಬರೆದಿರುತ್ತಾರೆ. ಆರು ತಿಂಗಳ ನಂತರ ನೀವು ನಡುಕದ ದೂರು ಕೊಟ್ಟಿದ್ದೇ ಇಲ್ಲ ಅಂತಾಗುತ್ತದೆ. ಎರಡು ಮಾತು ಕಲಿತು ಹೋಗಿ. "ಸತ್ತರಚ್ಯಾ ವರ್ ಸ್ಟೇರಿಂಗ್ ಥರಥರತಂ", 70ರ ಮೇಲೆ ಸ್ಟೇರಿಂಗ್ ನಡುಗುತ್ತದೆ. "ಜಾಬ್ ಕಾರ್ಡವರ್ ಮಾಝ್ಯಾ ಶಬ್ದಾಂತ್ ಲಿಹಾ", ಜಾಬ್ ಕಾರ್ಡಿನ ಮೇಲೆ ನನ್ನ ಮಾತಲ್ಲೇ ಬರೆಯಿರಿ. ವೇಗ, ಜಾಗ, ಕಿಲೋಮೀಟರ್ ಮೂರೂ ಅದರಲ್ಲಿ ಇರಲಿ. ದೋಷ ಸಿಗಲಿಲ್ಲ ಅಂತ ಅವರು ಬರೆದರೂ ಆ ಕಾಗದ ಬೇಕು, ಪ್ರತಿ ಭೇಟಿಯದೂ ಬೇಕು. ರೋಡ್ ಟೆಸ್ಟಿಗೆ ಅವರೊಬ್ಬರೇ ಹೋಗಿ ಬರಲು ಬಿಡಬೇಡಿ. ವರ್ಕ್‌ಶಾಪ್ ಸುತ್ತ 40ರಲ್ಲಿ ಓಡಿಸಿದರೆ ಏನೂ ತಿಳಿಯುವುದಿಲ್ಲ.

ಟೈರಿನ ವಾರಂಟಿ ಗಾಡಿಯ ವಾರಂಟಿಯಲ್ಲಿ ಸೇರಿರುವುದಿಲ್ಲ. ಅದನ್ನು ಟೈರ್ ಕಂಪನಿ ಬೇರೆಯಾಗಿ ಕೊಡುತ್ತದೆ. ಡೀಲರ್ ಅಲ್ಲಿಗೆ ಹೋಗಿ ಅಂದರೆ ಗಾಬರಿಯಾಗಬೇಡಿ, ಆದರೆ ಡಯಲ್ ತೋರಿಸಿದ ಅಳತೆಯನ್ನು ಡೀಲರ್ ಕೈಯಲ್ಲೇ ಬರೆಸಿಕೊಂಡು ಹೋಗಿ. ನನಗೆ ಆ ಚೀಟಿಯಿಂದಲೇ ಬೇರೆ ಟೈರ್ ಸಿಕ್ಕಿತು.

ಹುಬ್ಬಳ್ಳಿಯಲ್ಲೋ ಬೆಳಗಾವಿಯಲ್ಲೋ ಕೊಂಡು ತಂದವರು ಕೇಳುತ್ತಿರುತ್ತಾರೆ, ಕೆಎ ನಂಬರ್ ಗಾಡಿಗೆ ಇಲ್ಲಿ ವಾರಂಟಿ ನಡೆಯುತ್ತದಾ ಅಂತ. ವಾರಂಟಿ ಕೊಟ್ಟಿರುವುದು ಕಂಪನಿ, ನಂಬರ್ ಪ್ಲೇಟಿಗೂ ಅದಕ್ಕೂ ಸಂಬಂಧ ಇಲ್ಲ. ಪುಣೆಯ ಅಧಿಕೃತ ಸರ್ವಿಸ್ ಸೆಂಟರ್ ನೋಡಿಕೊಡಬೇಕು. ಗಾಡಿ ಇಲ್ಲೇ 12 ತಿಂಗಳಿಗಿಂತ ಜಾಸ್ತಿ ಇರುವುದಾದರೆ ಮಾತ್ರ ಊರಿನ ಆರ್‌ಟಿಒದಿಂದ ಎನ್‌ಒಸಿ ತಂದು ಎಂಎಚ್ ನಂಬರ್ ಮಾಡಿಸಬೇಕು.

ಡೀಲರ್ ಹತ್ತಿರ ಆಗದಿದ್ದರೆ ಕಂಪನಿಗೆ ಇಮೇಲ್ ಬರೆಯಿರಿ, ಜಾಬ್ ಕಾರ್ಡುಗಳನ್ನು ಲಗತ್ತಿಸಿ. ಆಮೇಲೆ 1915. ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಮಹಾರಾಷ್ಟ್ರದಲ್ಲಿ ಕೂತು ಕನ್ನಡದಲ್ಲಿ ದೂರು ಕೊಡಬಹುದು ಅನ್ನುವುದು ಬಹಳ ಜನಕ್ಕೆ ಗೊತ್ತೇ ಇಲ್ಲ.

ಕೊನೆಗೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಕಾಯ್ದೆ ನಮ್ಮಂಥವರಿಗೆ ಒಂದು ದೊಡ್ಡ ಉಪಕಾರ ಮಾಡಿದೆ. ಗಾಡಿ ಎಲ್ಲೇ ಕೊಂಡಿರಲಿ, ನೀವು ವಾಸ ಮಾಡುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಹಾಕಬಹುದು. 50 ಲಕ್ಷದವರೆಗೆ ಕೊಟ್ಟು ಕೊಂಡದ್ದಕ್ಕೆ ಜಿಲ್ಲಾ ಆಯೋಗ ಸಾಕು. 5 ಲಕ್ಷದವರೆಗೆ ಶುಲ್ಕವಿಲ್ಲ, 10ರಿಂದ 20 ಲಕ್ಷಕ್ಕೆ 400 ರೂಪಾಯಿ, ಅದರ ಮೇಲೆ 50 ಲಕ್ಷದವರೆಗೆ 1000. ತೊಂದರೆ ಶುರುವಾದ ಎರಡು ವರ್ಷದೊಳಗೆ ಹಾಕಬೇಕು. ವಕೀಲರು ಕಡ್ಡಾಯ ಅಲ್ಲ. ಕಾಗದ ಹೇಗೆ ಬರೆಯಬೇಕು ಅಂತ ಕೇಳಲು ಗ್ರಾಹಕ ಪಂಚಾಯತಿನವರು ಇದ್ದಾರೆ. ಅಖಿಲ ಭಾರತೀಯ ಗ್ರಾಹಕ ಪಂಚಾಯತ್ 1974ರಲ್ಲಿ ಇದೇ ಪುಣೆಯಲ್ಲಿ ಹುಟ್ಟಿದ್ದು.

ಪಿಕಪ್ ಕೊಂಡವರು ಒಂದು ವಿಷಯದಲ್ಲಿ ಎಚ್ಚರ ಇರಬೇಕು. ವ್ಯಾಪಾರಕ್ಕೆ ಕೊಂಡ ವಸ್ತು ಈ ಕಾಯ್ದೆಯೊಳಗೆ ಬರುವುದಿಲ್ಲ. ಆದರೆ ಹೊಟ್ಟೆಪಾಡಿಗೆ, ಸ್ವಂತ ದುಡಿಮೆಗೆ ಮಾತ್ರ ಕೊಂಡದ್ದಾದರೆ ಬರುತ್ತದೆ. ಸ್ವಂತ ಗಾಡಿ ಓಡಿಸಿ ಮಾರ್ಕೆಟ್ ಯಾರ್ಡಿಗೆ ತರಕಾರಿ ಸಾಗಿಸುವವರು ದೂರಿನಲ್ಲಿ ಇದನ್ನು ಮೊದಲ ಪುಟದಲ್ಲೇ ಸ್ಪಷ್ಟವಾಗಿ ಬರೆಯಬೇಕು. ಕಂಪನಿ ಹೆಸರಲ್ಲಿ ನಾಲ್ಕು ಗಾಡಿ ಇಟ್ಟು ಡ್ರೈವರ್ ಇಟ್ಟವರಿಗೆ ಇದು ಕಷ್ಟ.

ಹೊಸ ಗಾಡಿಯನ್ನೇ ಕೊಡಿ ಅಂತ ಕೇಳುವ ಮುಂಚೆ ಯೋಚಿಸಿ. ಅಮೆರಿಕದಲ್ಲಿರುವ ನೆಂಟರು ಅಲ್ಲಿನ ಲೆಮನ್ ಕಾನೂನಿನ ಮಾತು ಹೇಳುತ್ತಾರೆ, ಹೊಸ ಗಾಡಿಯ ದೋಷ ಎಷ್ಟು ಸಲ ರಿಪೇರಿ ಮಾಡಿದರೂ ಹೋಗದಿದ್ದರೆ ಗಾಡಿ ಬದಲಿಸಿ ಅಥವಾ ಹಣ ವಾಪಸ್ ಕೊಡಿ ಅನ್ನುವ ಕಾನೂನು ಅದು. ನಮ್ಮಲ್ಲಿ ಅಂಥ ಬೇರೆ ಕಾನೂನಿಲ್ಲ. ತಯಾರಿಕೆಯದೇ ದೋಷ ಅಂತ ತಜ್ಞರ ವರದಿಯಿಂದ ಸಾಬೀತಾಗದಿದ್ದರೆ ಸಾಮಾನ್ಯವಾಗಿ ರಿಪೇರಿ, ಪರಿಹಾರ ಇಷ್ಟಕ್ಕೇ ಮುಗಿಯುತ್ತದೆ. ದೋಷ ಪರೀಕ್ಷೆಯಿಂದಲೇ ತಿಳಿಯಬೇಕು ಅನ್ನುವ ಹಾಗಿದ್ದರೆ ಆಯೋಗವೇ ಪ್ರಯೋಗಾಲಯಕ್ಕೆ ಕಳಿಸಬಹುದು, ದೂರಿನಲ್ಲಿ ಅದನ್ನು ಕೇಳಿಕೊಳ್ಳಿ.

ನಾಲ್ಕನೇ ಭೇಟಿಯಲ್ಲಿ ಟೈರ್ ಬದಲಾಯಿತು. ಗಾಡಿ ತೊಳೆದು ನಿಲ್ಲಿಸಿದ್ದರು, "ಪೂರ್ತಿ ತೃಪ್ತಿಯಾಗಿದೆ" ಅನ್ನುವ ಫಾರಂ ಮುಂದೆ ಚಾಚಿದರು. ಆ ಸಹಿ ಒಮ್ಮೆ ಬಿದ್ದರೆ ಹಳೆಯ ಜಾಬ್ ಕಾರ್ಡುಗಳ ಬಲ ಕಡಿಮೆಯಾಗುತ್ತದೆ. "ಟ್ರಾಯಲ್ ಘೇತಲ್ಯಾಶಿವಾಯ್ ಸಹೀ ಕರಣಾರ್ ನಾಹೀ" ಅಂದೆ. ಓಡಿಸಿ ನೋಡದೆ ಸಹಿ ಹಾಕಲ್ಲ ಅಂತ. ಅವರು ಬೇಸರ ಮಾಡಿಕೊಳ್ಳಲಿಲ್ಲ, ಕೀಲಿ ಕೊಟ್ಟರು. ಸಾತಾರಾ ರಸ್ತೆಯಲ್ಲಿ 80ಕ್ಕೆ ಹಿಡಿದು ಹದಿನೈದು ಕಿಲೋಮೀಟರ್ ಓಡಿಸಿ ಬಂದು ಸಹಿ ಹಾಕಿದೆ.